ಹಳದಿ ಚೀಲದಲ್ಲಿ ಆಫೀಸಿಗೆ ಬಂದ ಯಜಮಾನರು

ನನ್ನ ಬೈಕನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸಬಲ್ಲೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಅನಾಹುತವಾದದ್ದು ಕಣ್ಣು ಬಿಟ್ಟುಕೊಂಡಿದ್ದಾಗ.

ನನ್ನ ಮನೆ ಶಿವಮೊಗ್ಗದ ವಿನೋಬನಗರದಲ್ಲಿ, ಕೆಲಸ ಭದ್ರಾವತಿಯ ಒಂದು ಖಾಸಗಿ ಕಂಪನಿಯ ಶಾಖೆಯಲ್ಲಿ. ಬೆಳಿಗ್ಗೆ ಬೈಕಿನಲ್ಲಿ ಹೋಗುತ್ತೇನೆ, ಸಂಜೆ ಬೈಕಿನಲ್ಲಿ ಬರುತ್ತೇನೆ, ನಡುವೆ ಲಾರಿಗಳ ಹೊಗೆ ಕುಡಿಯುತ್ತೇನೆ. ಹೀಗೆ ಹೋಗಿ ಬಂದು ನನ್ನ ಸೊಂಟ ಎಂಥ ಸ್ಥಿತಿಗೆ ತಲುಪಿತ್ತೆಂದರೆ, ಕೆಳಗೆ ಬಿದ್ದ ಪೆನ್ನನ್ನು ಎತ್ತಿಕೊಳ್ಳುವ ಬದಲು ಹೊಸ ಪೆನ್ನು ಕೊಳ್ಳುತ್ತಿದ್ದೆ. ಡಾಕ್ಟರು ಬೈಕ್ ಬಿಡಿ ಎಂದರು. ಬೈಕ್ ಬಿಡಬೇಕಾದರೆ ಶಿವಮೊಗ್ಗ ಶಾಖೆಗೆ ವರ್ಗವಾಗಬೇಕು. ವರ್ಗವಾಗಬೇಕಾದರೆ ನಮ್ಮ ಮ್ಯಾನೇಜರ್ ವಾಸುದೇವಮೂರ್ತಿಗಳು ಮೇಲಿನವರಿಗೆ ಒಂದು ಮಾತು ಹೇಳಬೇಕು.

ವಾಸುದೇವಮೂರ್ತಿಗಳು ಮೈಸೂರು ಕಡೆಯವರು. ಸಂಸಾರವನ್ನು ಅಲ್ಲೇ ಬಿಟ್ಟು, ಭದ್ರಾವತಿಯಲ್ಲಿ ಒಂದು ರೂಮು ಮಾಡಿಕೊಂಡು, ಮೆಸ್ಸಿನ ಊಟ ಮಾಡಿಕೊಂಡಿದ್ದರು. ಯಾರ ಗೋಳಿಗೂ ಕರಗದ ಆ ಮನುಷ್ಯ ಒಮ್ಮೆ ನನ್ನ ಡಬ್ಬಿಯ ಅಪ್ಪೆಮಿಡಿ ಉಪ್ಪಿನಕಾಯಿ ನಾಲಿಗೆಗೆ ಹಚ್ಚಿಕೊಂಡವರು ಕಣ್ಣು ಮುಚ್ಚಿಕೊಂಡೇ ಇನ್ನೊಂದು ಮಿಡಿಗೆ ಕೈ ಚಾಚಿದ್ದರು. ನನಗೆ ದಾರಿ ಅಲ್ಲೇ ಕಂಡಿತು.

ಹೆಂಡತಿ ಶೈಲಜಾಗೆ ಈ ಯೋಜನೆ ಹಿಡಿಸಲಿಲ್ಲ. ಬಾಯಿ ಬಿಟ್ಟು ಕೇಳಬೇಕಾದ್ದನ್ನು ಮಾವಿನ ಮಿಡಿಯ ಕೈಲಿ ಕೇಳಿಸುವುದು ಯಾವ ಸೀಮೆಯ ಧೈರ್ಯ ಎಂದಳು. ಆದರೂ ತನ್ನ ತಾಯಿ ಕೊಟ್ಟಿದ್ದ ಪುಟ್ಟ ಪಿಂಗಾಣಿ ಜಾಡಿಗೆ ಮಿಡಿ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಗಾಂಧಿ ಬಜಾರಿನ ಜವಳಿ ಅಂಗಡಿಯವರು ಕೊಡುವ ಹಳದಿ ಚೀಲದಲ್ಲಿಟ್ಟು, ಬೈಕಿನ ಕೊಕ್ಕೆಗೆ ತಾನೇ ನೇತುಹಾಕಿದಳು. ಆ ಹಳದಿ ಚೀಲ ಇಲ್ಲದ ಮನೆ ಶಿವಮೊಗ್ಗದಲ್ಲೂ ಇಲ್ಲ, ಭದ್ರಾವತಿಯಲ್ಲೂ ಇಲ್ಲ.

ಆಫೀಸಿಗೆ ಮುಂಚೆ ಒಂದು ಕಾಫಿ ಕುಡಿಯುವುದು ನನ್ನ ರೂಢಿ. ಹೋಟೆಲಿನ ಮುಂದೆ ಬೈಕ್ ನಿಲ್ಲಿಸಿದೆ. ಪಕ್ಕದಲ್ಲಿ ಪೂಜಾ ಸಾಮಾನಿನ ಅಂಗಡಿ. ಕಾಫಿ ಮುಗಿಸಿ, ವರ್ಗವಾದ ಮೇಲೆ ಉಳಿಯುವ ಸಮಯದಲ್ಲಿ ಏನೇನು ಮಾಡಬಹುದೆಂದು ಯೋಚಿಸುತ್ತ ಹೊರಬಂದೆ. ಕಪ್ಪು ಬೈಕು, ಕೊಕ್ಕೆಯಲ್ಲಿ ಹಳದಿ ಚೀಲ. ಹತ್ತಿದೆ. ನನ್ನ ಕೀ ಸವೆದು ಸವೆದು, ಯಾವ ಬೀಗಕ್ಕೆ ಹಾಕಿದರೂ ತಿರುಗುವ ಉದಾರ ಸ್ವಭಾವ ಬೆಳೆಸಿಕೊಂಡಿತ್ತು. ಬೈಕು ಒಂದೇ ಕಿಕ್‌ಗೆ ಸ್ಟಾರ್ಟ್ ಆಯಿತು. ಅಷ್ಟಕ್ಕೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಶುಭಸೂಚನೆ ಎಂದುಕೊಂಡೆ.

ನೇರವಾಗಿ ಮ್ಯಾನೇಜರ್ ಕೋಣೆಗೆ ಹೋಗಿ ಚೀಲವನ್ನು ಎರಡೂ ಕೈಯಲ್ಲಿ ಮೇಜಿನ ಮೇಲಿಟ್ಟೆ. ಅವರು ಬಗ್ಗಿ ನೋಡಿದರು. ಒಳಗೆ ಬಟ್ಟೆ ಕಟ್ಟಿದ ಮಣ್ಣಿನ ಕುಡಿಕೆ ಇತ್ತು. ಜಾಡಿ ಕೊಡಲು ಮನಸ್ಸು ಬಾರದೆ ಶೈಲಜಾ ಕೊನೇ ಗಳಿಗೆಯಲ್ಲಿ ಕುಡಿಕೆಗೆ ಬದಲಾಯಿಸಿರಬೇಕು ಎಂದು ನಾನು ತಿಳಿದೆ. ಹೆಂಗಸರ ಜಿಪುಣತನದ ಬಗ್ಗೆ ಒಳಗೊಳಗೇ ನಕ್ಕೆ ಕೂಡ.

"ನಮ್ಮ ಮನೇದೇ ಸಾರ್. ಹೋದ ವರ್ಷದ್ದು. ಹಳೇದಾದಷ್ಟೂ ಚೆನ್ನಾಗಿರುತ್ತೆ" ಎಂದೆ.

ಅವರು ಮುಗುಳ್ನಕ್ಕರು. ಮಣ್ಣಿನ ಪಾತ್ರೆಯಲ್ಲಿಡುವ ಪದ್ಧತಿಯೇ ಈಗ ಹೋಗಿಬಿಟ್ಟಿದೆ ಎಂದು ನಿಟ್ಟುಸಿರಿಟ್ಟರು. ಚೀಲವನ್ನು ತಮ್ಮ ಕೈಗೆಟಕುವಂತೆ ಎಳೆದುಕೊಂಡು, ವರ್ಗದ ವಿಚಾರವನ್ನು ಮಧ್ಯಾಹ್ನ ಮೇಲಿನವರ ಹತ್ತಿರ ಮಾತಾಡುತ್ತೇನೆ ಎಂದರು. ನಾನು ನೋವಿಲ್ಲದ ಸೊಂಟದವನಂತೆ ನಡೆದು ನನ್ನ ಸೀಟಿಗೆ ಬಂದೆ.

ಊಟದ ಹೊತ್ತಿಗೆ ಅವರು ನನ್ನನ್ನೂ ನನ್ನ ಪಕ್ಕದ ಸೀಟಿನ ನಾಗರಾಜನನ್ನೂ ಒಳಗೆ ಕರೆದರು. ಮೂವರೂ ಮೇಜಿನ ಸುತ್ತ ಡಬ್ಬಿ ಬಿಚ್ಚಿಕೊಂಡೆವು. ಕುಡಿಕೆಯ ಬಾಯಿಯ ಗಂಟು ತುಂಬ ಬಿಗಿಯಾಗಿತ್ತು. ನಿಮ್ಮ ಮನೆಯವರ ಕೆಲಸ ಬಹಳ ಅಚ್ಚುಕಟ್ಟು ಎಂದು ಹೊಗಳುತ್ತ ಅವರು ಗಂಟು ಬಿಡಿಸಿದರು. ಚಮಚ ಕೈಗೆ ತೆಗೆದುಕೊಂಡರು. ಒಳಗೆ ನೋಡಿದರು.

ಚಮಚವನ್ನು ಮೆಲ್ಲಗೆ ಕೆಳಗಿಟ್ಟರು. ಅವರು ತಮ್ಮ ತಂದೆಯ ಕ್ರಿಯೆ ಮಾಡಿದ್ದವರು. ಕಂಡದ್ದನ್ನು ತಕ್ಷಣ ಗುರುತಿಸಿದರು.

"ಇದು ಯಾರ್ರೀ?" ಎಂದರು.

ಏನು ಎಂದಲ್ಲ. ಯಾರು ಎಂದು.

ನಾನು ಬಗ್ಗಿದೆ. ಬೂದಿ. ಬೂದಿಯ ನಡುವೆ ಬೆಳ್ಳಗಿನ ಚೂರುಗಳು. ಮೇಲೆ ಬಾಡಿದ ಒಂದು ಸೇವಂತಿಗೆ. ನಾಗರಾಜ ತನ್ನ ಡಬ್ಬಿಯನ್ನು ಎತ್ತಿಕೊಂಡು ಗೋಡೆಯವರೆಗೆ ಹಿಂದೆ ಸರಿದ. ಮ್ಯಾನೇಜರ್ ಕುರ್ಚಿಯಿಂದೆದ್ದು ಕೈ ಮುಗಿದರು. ಅವರು ಯಾರಿಗೆ ಕೈ ಮುಗಿದರೆಂದು ಮೊದಲು ತಿಳಿಯದೆ ನಾನೂ ಅವರಿಗೆ ಕೈ ಮುಗಿದೆ.

ಇಷ್ಟಾದರೂ ನನ್ನ ಬುದ್ಧಿ ಎಲ್ಲಿ ಹೋಯಿತು ನೋಡಿ. ಹೊರಗೆ ಓಡಿ ಶೈಲಜಾಗೆ ಫೋನ್ ಮಾಡಿ ಚೀಲದಲ್ಲಿ ಏನು ಹಾಕಿದ್ದೆ ಎಂದು ಕೇಳಿದೆ. ಮಿಡಿ ಹಾಕಿದ್ದೆ, ಯಾಕೆ, ಉಪ್ಪು ಜಾಸ್ತಿಯಾಯಿತೇ ಎಂದು ಅವಳು ಕೇಳಿದಳು. ಆಗ ಕಣ್ಣು ಬೈಕಿನ ನಂಬರಿನ ಮೇಲೆ ಬಿತ್ತು. ಅದು ನನ್ನದಾಗಿರಲಿಲ್ಲ. ಸೀಟೂ ನನ್ನದಾಗಿರಲಿಲ್ಲ. ಹಿಂದಿನ ಮಡ್‌ಗಾರ್ಡ್ ಮೇಲೆ ಮುರುಗನ ನವಿಲಿನ ಚಿತ್ರವಿತ್ತು. ನಾನು ಆ ನವಿಲಿನ ಜೊತೆ ಭದ್ರಾವತಿಯ ಪೇಟೆಯನ್ನೆಲ್ಲ ದಾಟಿ ಬಂದಿದ್ದೆ.

ಅಷ್ಟರಲ್ಲಿ ಫೋನ್ ಬಂತು. ಗೊತ್ತಿಲ್ಲದ ನಂಬರು. ಆ ಕಡೆಯ ದನಿ ಅತ್ತು ಅತ್ತು ಒಡೆದುಹೋಗಿತ್ತು.

"ಸಾರ್, ನಿಮ್ ಉಪ್ಪಿನ್ಕಾಯಿ ನಮ್ ಹತ್ರ ಇದೆ. ನಮ್ಮಪ್ಪ ನಿಮ್ ಹತ್ರ ಇದಾರಾ?"

"ಇದಾರೆ" ಎಂದೆ. "ಹುಷಾರಾಗಿದಾರೆ" ಎಂದೂ ಸೇರಿಸಿದೆ. ಯಾಕೆ ಸೇರಿಸಿದೆನೋ ದೇವರಿಗೇ ಗೊತ್ತು.

ಅವನ ಹೆಸರು ಮುರುಗೇಶ, ಭದ್ರಾವತಿಯವನೇ. ತಂದೆ ತೀರಿಕೊಂಡು ಮೂರನೆಯ ದಿನ. ಬೆಳಿಗ್ಗೆ ಅಸ್ಥಿ ಆಯ್ದು ಕುಡಿಕೆಗೆ ತುಂಬಿಕೊಂಡು, ತುಂಗೆ ಭದ್ರೆ ಸೇರುವ ಕೂಡ್ಲಿಗೆ ಹೊರಟಿದ್ದ. ತಾಯಿ ಮತ್ತು ನೆಂಟರು ವ್ಯಾನಿನಲ್ಲಿ ಮುಂದೆ ಹೋಗಿದ್ದರು. ಎಳ್ಳು, ದರ್ಭೆ ಕೊಳ್ಳಲು ಹೋಟೆಲಿನ ಪಕ್ಕದ ಅಂಗಡಿಯ ಮುಂದೆ ನಿಲ್ಲಿಸಿದ್ದಾನೆ. ಅಸ್ಥಿಯನ್ನು ಅಂಗಡಿಯೊಳಗೆ ಒಯ್ಯಬಾರದು, ನೆಲಕ್ಕೆ ಇಡಬಾರದು. ಕೊಕ್ಕೆಯಲ್ಲೇ ಬಿಟ್ಟಿದ್ದಾನೆ. ಹೊರಬಂದಾಗ ಉಳಿದಿದ್ದ ಕಪ್ಪು ಬೈಕನ್ನು, ಅದರ ಹಳದಿ ಚೀಲವನ್ನು ನೋಡಿ ಹತ್ತಿಕೊಂಡು ಹೋಗಿದ್ದಾನೆ. ಅವನ ಕೀಯೂ ನನ್ನ ಕೀಯ ಜಾತಿಯದೇ. ಹೊಳೆಯ ದಂಡೆಯಲ್ಲಿ ಪುರೋಹಿತರು ಬಟ್ಟೆ ಬಿಚ್ಚಿ ಎಂದಾಗ ಇಂಗು ಸಾಸಿವೆಯ ಘಮ ಎದ್ದಿದೆ. ನನ್ನ ಬೈಕಿನ ಡಬ್ಬಿಯಲ್ಲಿದ್ದ ಇನ್ಶೂರೆನ್ಸ್ ಕಾಗದದಿಂದ ನಂಬರು ಹುಡುಕಿದ್ದಾರೆ. ಅಪ್ಪನನ್ನು ಕಳೆದುಕೊಂಡವನಿಗೆ ಬೈಕು ಕಾಣಲಿಲ್ಲ, ಸರಿ. ನಾನು ಏನು ಕಳೆದುಕೊಂಡಿದ್ದೆ?

ನಾಗರಾಜನ ಬಳಿ ಕಾರಿತ್ತು. ಕೇಳಿದೆ. "ಹೊಸ ಕಾರು ಮಾರಾಯ" ಎಂದ. ಅಷ್ಟೇ ಹೇಳಿದ. ಮ್ಯಾನೇಜರ್ ಕುಡಿಕೆಗೆ ಮತ್ತೆ ಬಟ್ಟೆ ಕಟ್ಟಿ, ಚೀಲವನ್ನು ನನ್ನ ಕೊರಳಿಗೆ ತಾವೇ ಹಾಕಿ, ಎಲ್ಲೂ ನೆಲಕ್ಕೆ ತಾಗಿಸಬೇಡಿ ಎಂದರು. ಆಮೇಲೆ ಸ್ನಾನಕ್ಕೆಂದು ರೂಮಿಗೆ ಹೊರಟರು. ವರ್ಗದ ಮಾತು ಇಬ್ಬರೂ ಎತ್ತಲಿಲ್ಲ.

ಹೊಳೆಹೊನ್ನೂರಿನ ಮೇಲೆ ಕೂಡ್ಲಿಗೆ ಹೊರಟೆ. ಎದೆಯ ಮೇಲೆ ಕುಡಿಕೆ, ನೆತ್ತಿಯ ಮೇಲೆ ಬಿಸಿಲು. ಮೊದಲ ಹಂಪ್ ಬಂದಾಗ ಬ್ರೇಕ್ ಹಾಕಿ, "ಯಜಮಾನ್ರೇ, ಹಂಪ್ ಇದೆ" ಎಂದೆ. ಆಮೇಲೆ ಪ್ರತಿ ಹಂಪಿಗೂ ಹೇಳುತ್ತ ಹೋದೆ. ಹೆಂಡತಿಯನ್ನು ಕೂರಿಸಿಕೊಂಡು ಹೋಗುವಾಗ ಎಂದೂ ತೋರಿಸದ ಮರ್ಯಾದೆ ಅದು.

ಹೊಳೆಹೊನ್ನೂರು ಇನ್ನೂ ಇದೆ ಎನ್ನುವಾಗ ಪೆಟ್ರೋಲ್ ಮುಗಿಯಿತು. ಮಗನಿಗೆ ಆ ದಿನ ಪೆಟ್ರೋಲ್ ನೋಡುವ ಮನಸ್ಸೆಲ್ಲಿರಬೇಕು. ಬೈಕ್ ತಳ್ಳತೊಡಗಿದೆ. ಸೊಂಟ ಕೂಗಿತು. ಚೀಲ ಕೆಳಗಿಡುವ ಹಾಗಿಲ್ಲ, ಕೂರುವ ಹಾಗೂ ಇಲ್ಲ. ಹಿಂದಿನಿಂದ ಬಂದ ಬೈಕಿನವನೊಬ್ಬ ನನ್ನನ್ನು ಹತ್ತಿ ಕೂರಲು ಹೇಳಿ, ತನ್ನ ಕಾಲನ್ನು ನನ್ನ ಬೈಕಿಗೆ ಕೊಟ್ಟು ತಳ್ಳಿಕೊಂಡು ಹೊರಟ. ದೇವರಂಥ ಮನುಷ್ಯ. ಮಾತಿಗೆ ಮಾತು ಬಂದು, ಕೊರಳಲ್ಲಿ ಏನದು, ಮಗುವೇ ಎಂದು ಕೇಳಿದ. ನಾನು ಸತ್ಯ ಹೇಳಿದೆ. ಅವನು ಕಾಲು ತೆಗೆದುಕೊಂಡು ಹೋದ ವೇಗಕ್ಕೆ ಆ ರಸ್ತೆಯಲ್ಲಿ ಧೂಳು ಬಹಳ ಹೊತ್ತು ಇಳಿಯಲಿಲ್ಲ.

ಕೊನೆಗೆ ಒಂದು ಗೂಡಂಗಡಿಯಲ್ಲಿ ಬಾಟಲಿ ಪೆಟ್ರೋಲ್ ಸಿಕ್ಕಿತು. ಒಂದು ಕೈಯಲ್ಲಿ ಯಜಮಾನರನ್ನು ಎದೆಗವಚಿಕೊಂಡು ಇನ್ನೊಂದು ಕೈಯಲ್ಲಿ ಟ್ಯಾಂಕಿಗೆ ಸುರಿದೆ. ಅರ್ಧ ನನ್ನ ಪ್ಯಾಂಟಿಗೆ ಬಿತ್ತು.

ಕೂಡ್ಲಿಯ ಮೆಟ್ಟಿಲ ಮೇಲೆ ಅವರೆಲ್ಲ ಕಾಯುತ್ತಿದ್ದರು. ಬೆವರು, ಪೆಟ್ರೋಲ್ ವಾಸನೆ, ಕೊರಳಲ್ಲಿ ಹಳದಿ ಚೀಲ. ನನ್ನ ಅವತಾರ ನೋಡಿ ಮಗುವೊಂದು ಅತ್ತಿತು. ತಲೆ ಬೋಳಿಸಿಕೊಂಡಿದ್ದ ಮುರುಗೇಶ ಎದ್ದು ಬಂದು ಮೊದಲು ಚೀಲ ತೆಗೆದುಕೊಂಡು ಚಿಕ್ಕಪ್ಪನ ಕೈಗೆ ಕೊಟ್ಟ. ಆಮೇಲೆ ನನ್ನ ಕಾಲರ್ ಹಿಡಿದ.

"ಕಣ್ ಕಾಣಲ್ವೇನ್ರೀ ನಿಮ್ಗೆ? ನಮ್ಮಪ್ಪ ಕಣ್ರೀ ಅದು."

ನಾನು ಬಿಡಿಸಿಕೊಳ್ಳಲಿಲ್ಲ. ಒಂದು ಏಟು ಬಿದ್ದರೆ ನನಗೇ ಸಮಾಧಾನವಾಗುತ್ತಿತ್ತು. ಆದರೆ ಅವನು ಹೊಡೆಯುವ ಬದಲು ಕಾಲರ್ ಹಿಡಿದುಕೊಂಡೇ ಅಳತೊಡಗಿದ. ನನ್ನ ಅಂಗಿಯ ಗುಂಡಿಯೊಂದು ಕಿತ್ತುಬಂದು ಮೆಟ್ಟಿಲ ಮೇಲೆ ಉರುಳಿತು. ಅವನ ತಾಯಿ ಮೆಟ್ಟಿಲ ಕೊನೆಯಲ್ಲಿ ಕುಳಿತಿದ್ದರು. ಅಲ್ಲಿಂದಲೇ ನನ್ನನ್ನು ಕರೆದರು.

"ಇಷ್ಟೊತ್ತು ಎಲ್ಲಿ ಇಟ್ಟಿದ್ದೆಪ್ಪಾ ಅವರ್ನ?"

ಸುಳ್ಳು ಹೇಳೋಣವೆಂದುಕೊಂಡೆ. ದೇವಸ್ಥಾನ ಎನ್ನಬಹುದಿತ್ತು. ಬಾಯಿಂದ ಬಂದದ್ದು ಸತ್ಯವೇ. "ಮ್ಯಾನೇಜರ್ ರೂಮಲ್ಲಮ್ಮ. ಟೇಬಲ್ ಮೇಲೆ."

"ಮ್ಯಾನೇಜರ್ ಇದ್ರಾ?"

"ಇದ್ರು. ಎದ್ದು ಕೈ ಮುಗಿದ್ರು."

ಆಕೆ ನೀರಿನ ಕಡೆ ತಿರುಗಿ ಹೇಳಿದರು.

"ಫೌಂಡ್ರಿಲಿ ಅಷ್ಟು ವರ್ಷ ಕಾಂಟ್ರಾಕ್ಟಲ್ಲೇ ದುಡಿದ್ರು. ಪರ್ಮನೆಂಟ್ ಮಾಡಿ ಅಂತ ಕೇಳಕ್ಕೆ ಮ್ಯಾನೇಜರ್ ಬಾಗ್ಲಿಗೆ ಹೋಗ್ತಾನೇ ಇದ್ರು. ಒಳಗೆ ಬಾ ಅಂತ ಒಬ್ರೂ ಅನ್ಲಿಲ್ಲ. ಹೊರಗಡೆ ನಿಂತು ನಿಂತು ಬರ್ತಿದ್ರು." ಸೆರಗಿನಿಂದ ಮೂಗೊರೆಸಿಕೊಂಡರು. "ಬಿಡೋ ಮುರುಗ ಅವರ್ನ. ಒಳಗೆ ಕರ್ಕೊಂಡು ಹೋಗಿದಾರೆ."

ಮುರುಗೇಶ ಕಾಲರ್ ಬಿಟ್ಟ. ನಾನು ಏನಾದರೂ ಹೇಳಬೇಕಿತ್ತು. ಉಪ್ಪಿನಕಾಯಿ ಎಂದು ಕೊಂಡೊಯ್ದಿದ್ದೆ ಎಂಬುದನ್ನು ಮಾತ್ರ ನಾನು ಅಲ್ಲಿ ಯಾರಿಗೂ ಬಿಡಿಸಿ ಹೇಳಲಿಲ್ಲ.

ಪುರೋಹಿತರು ಕೆಲಸ ಮುಂದುವರಿಸಿದರು. ಹೊತ್ತು ತಂದವರೂ ಮುಳುಗಬೇಕು ಎಂದು ನನ್ನತ್ತ ಕೈ ತೋರಿಸಿದರು. ಮುರುಗೇಶ ಕುಡಿಕೆಯನ್ನು ನೀರಿಗೆ ಬಿಟ್ಟ. ಅವನ ಹಿಂದೆ ನಾನು ಆಫೀಸಿನ ಬಟ್ಟೆಯಲ್ಲೇ ಭಕ್ತಿಯಿಂದ ಮೂರು ಸಲ ಮುಳುಗಿ ಎದ್ದೆ. ಮೂರನೆಯ ಸಲ ಎದ್ದಾಗ ಜೇಬಿನ ಮೊಬೈಲ್ ನೆನಪಾಯಿತು. ದಂಡೆಗೆ ಬಂದು ಜಾಡಿ ಕೇಳಿದರೆ, ದಾನದ ಸಾಮಾನಿನ ಜೊತೆ ಅದೂ ಪುರೋಹಿತರ ಚೀಲ ಸೇರಿತ್ತು. ಮೂತಿಯಷ್ಟೇ ಕಾಣುತ್ತಿತ್ತು. ದಾನ ಬಂದದ್ದನ್ನು ಹಿಂದಕ್ಕೆ ಕೇಳುವುದು ಮಹಾಪಾಪ ಎಂದು ಅವರು ನನಗೆ ಶಾಂತವಾಗಿ ತಿಳಿಸಿದರು.

ಮನೆಗೆ ಬಂದಾಗ ಶೈಲಜಾ ಹೊಸ್ತಿಲು ದಾಟಲು ಬಿಡಲಿಲ್ಲ. ಅಂಗಳದಲ್ಲೇ ನಿಲ್ಲಿಸಿ, ಕಥೆ ಕೇಳುತ್ತ ಕೇಳುತ್ತ ಬಕೆಟ್ಟಿನ ನೀರು ಸುರಿದಳು. ಆ ತಾಯಿಯ ಮಾತು ಬಂದಾಗ ಅವಳ ಕೈ ನಿಂತಿತು. ಮುಖ ಆ ಕಡೆ ತಿರುಗಿಸಿಕೊಂಡಳು. ಜಾಡಿಯ ವಿಷಯ ಬಂದಾಗ ಉಳಿದ ನೀರನ್ನು ಒಂದೇ ಸಲಕ್ಕೆ ನನ್ನ ಮೇಲೆ ಸುರಿದು ಒಳಗೆ ಹೋದಳು.

ಮ್ಯಾನೇಜರ್ ರಜೆ ಹಾಕಿ ಊರಿಗೆ ಹೋಗಿ ಶಾಂತಿ ಮಾಡಿಸಿಕೊಂಡು ಬಂದರು. ಬಂದವರು ನನ್ನ ವರ್ಗಕ್ಕೆ ನಿಜವಾಗಿಯೂ ಶಿಫಾರಸು ಮಾಡಿದರು. ಶಂಕರಘಟ್ಟಕ್ಕೆ. ಅದು ಭದ್ರಾವತಿಯನ್ನೂ ದಾಟಿ ಇನ್ನೂ ಮುಂದೆ.

ಹದಿನಾರನೆಯ ದಿನದ ಕಾರ್ಯಕ್ಕೆ ಮುರುಗೇಶನೇ ಬಂದು ಕರೆದ. ತಾಯಿ ಹೇಳಿಕಳಿಸಿದ್ದಾರೆ, ಬರಲೇಬೇಕು ಎಂದ. ಹೋದೆ. ಅವರ ಮನೆಯ ಮುಂದಿನ ಶಾಮಿಯಾನದಲ್ಲಿ ನನ್ನನ್ನು ಮನೆಯ ಅಳಿಯಂದಿರ ಸಾಲಿನಲ್ಲಿ ಕೂರಿಸಿದರು. ಬಂದವರಿಗೆಲ್ಲ ಆ ತಾಯಿ ನನ್ನನ್ನು ತೋರಿಸಿ, ಇವರೇ ಅವರನ್ನು ಮ್ಯಾನೇಜರ್ ರೂಮಿಗೆ ಕರೆದುಕೊಂಡು ಹೋದವರು ಎಂದು ಹೇಳುತ್ತಿದ್ದರು. ನಾನು ತಲೆ ಬಗ್ಗಿಸಿ ಪಾಯಸ ಕುಡಿದೆ. ವಿನಯವೆಂದು ಎಲ್ಲರೂ ತಿಳಿದರು.

ಕೈ ತೊಳೆಯುವಲ್ಲಿ ಒಬ್ಬ ಮುದುಕರು ನನ್ನ ಪಕ್ಕಕ್ಕೆ ಬಂದು ನಿಂತರು. ಸತ್ತವರ ಜೊತೆ ಫೌಂಡ್ರಿಯಲ್ಲಿ ದುಡಿದವರಂತೆ. ಎರಡೂ ಕೈಯಲ್ಲಿ ಹಳೆಯ ಸುಟ್ಟ ಗಾಯದ ಕಲೆಗಳಿದ್ದವು. ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಕೇಳಿದರು.

"ನಿಮ್ ನಂಬರ್ ಕೊಟ್ಟಿರಿ ಸಾರ್. ನಂದೂ ವಯಸ್ಸಾಯ್ತು. ಮಗನಿಗೆ ಹೇಳಿಟ್ಟಿರ್ತೀನಿ."

ಅವರು ತಮಾಷೆ ಮಾಡುತ್ತಿರಲಿಲ್ಲ. ಕೊಟ್ಟೆ. ಕೆಲಸಕ್ಕೆ ಸೇರಿದಂದಿನಿಂದ ಇಂದಿನವರೆಗೆ ನಾನೇ ಬೇಕೆಂದು ಕೇಳಿಕೊಂಡು ಬಂದ ಗಿರಾಕಿ ಅವರೊಬ್ಬರೇ.