ಅಂದವರು ಯಾವ ಕಡೆಯವರು?

ಗೋವಿಂದಪ್ಪ: "ಖಂಡನೀಯ" ಅಂದ್ರ ಸಾಲದಮ್ಮಾ. "ತೀವ್ರ ಖಂಡನೀಯ" ಅಂತ ಬರಿ.

ಶಿರೀಷಾ: ಬರದೆ ಸಾರ್.

ಗೋವಿಂದಪ್ಪ: ಅದರ ಹಿಂದ "ಇಡೀ ಹೆಣ್ಣುಕುಲ ತಲೆ ತಗ್ಗಿಸುವಂಥ" ಅಂತ ಸೇರಿಸು.

ಶಿರೀಷಾ: ಅಂದಾಂವ ಗಂಡಸು. ಹೆಣ್ಣುಕುಲ ಯಾಕ್ರಿ ತಲಿ ತಗ್ಗಿಸ್ಬೇಕು?

ಗೋವಿಂದಪ್ಪ: ಅದು ವಾಡಿಕಿ. ಹೋದ ವಾರ ಮೂರು ದಿನ ಅದನ್ನಾ ಓದಿದ್ದಿ, ಆವಾಗ ಕೇಳಲಿಲ್ಲಲ್ಲ?

ಆಂಧ್ರದ ಆದೋನಿಯ ಪೇಟೆಯಲ್ಲಿ ಹತ್ತಿಬೀಜದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು ಆ ಕೇಬಲ್ ಚಾನೆಲ್ಲು. ಏಳು ಗಂಟೆಗೆ ತೆಲುಗು ವಾರ್ತೆ. ಅದಕ್ಕೆ ಮುಂಚೆ ಆರಕ್ಕೆ, ಗಡಿಯ ಊರುಗಳ ಕನ್ನಡದ ಮಂದಿಗೆಂದು ಹತ್ತು ನಿಮಿಷದ ಕನ್ನಡ ವಾರ್ತೆ. ಆ ಹತ್ತು ನಿಮಿಷಕ್ಕೆ ಬರೆಯುವವಳೂ ಶಿರೀಷಾ, ಓದುವವಳೂ ಶಿರೀಷಾ, ಓದುವ ಮೊದಲು ಮೇಜಿನ ಧೂಳು ಒರೆಸುವವಳೂ ಶಿರೀಷಾ. ಗೋವಿಂದಪ್ಪ ಸಂಪಾದಕ. ಚಾನೆಲ್ಲು ಯಾವ ಪಕ್ಷದ್ದೆಂದು ಬೋರ್ಡಿನ ಮೇಲೆ ಬರೆದಿರಲಿಲ್ಲ. ಗೋಡೆ, ಕುರ್ಚಿ, ಪರದೆ, ಕೊನೆಗೆ ಕಸದ ಬುಟ್ಟಿಗೂ ಒಂದೇ ಬಣ್ಣ ಬಳಿದಿದ್ದರಿಂದ ಬರೆಯುವ ಅಗತ್ಯವೂ ಇರಲಿಲ್ಲ.

ಆಗಿದ್ದು ಇಷ್ಟು. ಹಿಂದಿನ ದಿನ ಆಲೂರಿನ ಮಂಡಲ ಸಭೆಯಲ್ಲಿ ಲಿಂಗಕ್ಕ ಎಂಬ ಸರ್ಪಂಚ್ ತನ್ನೂರಿನ ಕುಡಿಯುವ ನೀರಿನ ಪೈಪಿನ ಬಗ್ಗೆ ಕೇಳಲು ಎದ್ದು ನಿಂತಳು. ಕುರಿ ಸಾಕುವ ಮನೆಯವಳು. ವೇದಿಕೆಯ ಮೇಲಿದ್ದ ನಾಯಕರೊಬ್ಬರು ಮೈಕು ಎಳೆದುಕೊಂಡು, "ಕುರಿ ಕಾಯಾಕಿ ಕೈಯಾಗ ಮೈಕ್ ಕೊಟ್ರ ಬ್ಯಾ ಅನ್ನದ ಮತ್ತೇನಂತಾಳ?" ಎಂದರು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಲೂರಿನ ವರದಿಗಾರ ತಿಪ್ಪೇಶ ಅದನ್ನು ಫೋನಿನಲ್ಲಿ ಹಿಡಿದು ಕಳಿಸಿದ್ದ. ಆದರೆ ಮೇಜಿನ ಮೇಲಿನ ಹಾರ ತುರಾಯಿಗಳ ರಾಶಿಯಲ್ಲಿ ನಾಯಕರ ಮುಖ ಮುಚ್ಚಿಹೋಗಿ, ಮಾತೊಂದು ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ಗೋವಿಂದಪ್ಪ: ಆ ಎದುರು ಪಕ್ಷದಾಗ ಹುಟ್ಟಿದ ಕೂಡ್ಲೇ ನಾಲಿಗಿ ಹರಿಬಿಡ್ತಾರ ನೋಡು. ಸಂಸ್ಕಾರ ಅನ್ನೋದಾ ಇಲ್ಲ. ಹೆಸರು ದೊಡ್ಡಕ್ಷರದಾಗ ಹಾಕಬೇಕು. ಯಾರಂವ?

ಶಿರೀಷಾ: ರಾಮಾಂಜನೇಯ ಅಂತ ತಿಪ್ಪೇಶ ಬರದಾನ.

ಗೋವಿಂದಪ್ಪ: ಯಾವ ರಾಮಾಂಜನೇಯ?

ಶಿರೀಷಾ: ಹೋದ ತಿಂಗಳು ನಮ್ಮ ಆಫೀಸಿನಾಗ ಕೇಕ್ ಕತ್ತರಿಸಿದ್ರಲ್ರಿ, ಅವ್ರು. ಅವರ ಬಾಯಿಗೆ ಕೇಕ್ ಇಟ್ಟಿದ್ದು ನೀವಾ.

ಗೋವಿಂದಪ್ಪನ ಕೈಯಲ್ಲಿದ್ದ ಚಹದ ಕಪ್ಪು ತುಟಿಯ ಹತ್ತಿರ ಬಂದು ನಿಂತುಬಿಟ್ಟಿತು. ಆತ ವಿಡಿಯೊವನ್ನು ಇನ್ನೊಮ್ಮೆ ಹಾಕಿ, ಕಣ್ಣು ಮುಚ್ಚಿ, ಸಂಗೀತ ಕೇಳುವವನಂತೆ ಕೇಳಿದ.

ಗೋವಿಂದಪ್ಪ: ಈಗ ಸಮಾಧಾನದಿಂದ ಕೇಳಿದ್ರ... ಇದರಾಗ ಒಂದು ಹಾಸ್ಯ ಐತಿ ನೋಡು.

ಶಿರೀಷಾ: ಎಲ್ಲಿ ಐತ್ರಿ?

ಗೋವಿಂದಪ್ಪ: "ಬ್ಯಾ" ಅಂದಾರಲ್ಲ, ಅಲ್ಲಿ. ಹಳ್ಳಿಗಾಡಿನ ಸೊಗಡು. ಆ ಖಂಡನೀಯ ಎಲ್ಲಾ ಹೊಡ್ದು ಹಾಕಿ "ನಗೆಗಡಲಲ್ಲಿ ತೇಲಿಸಿದ ರಾಮಾಂಜನೇಯ" ಅಂತ ಬರಿ.

ಶಿರೀಷಾ: ಸಾರ್, ಹೋದ ವಾರ ಪತ್ತಿಕೊಂಡದಾಗ ಆ ಪಕ್ಷದೋನೊಬ್ಬ ನಮ್ಮ ಪಕ್ಷದ ಹೆಣ್ಣುಮಗಳಿಗೆ "ಹೋಗಿ ಎಮ್ಮಿ ಕಟ್ಟು" ಅಂದಿದ್ದ. ಅದಕ್ಕ ನಾವು ಮೂರು ದಿನ ಚರ್ಚಾ ಮಾಡಿದ್ವಿ. ಹಿಂದ ಶೋಕ ಸಂಗೀತ ಬ್ಯಾರೆ ಹಾಕಿದ್ವಿ.

ಗೋವಿಂದಪ್ಪ: ಅದು ಎಮ್ಮಿ. ಇದು ಕುರಿ.

ಶಿರೀಷಾ: ಎಮ್ಮಿ ಅಂದ್ರ ಅವಮಾನ, ಕುರಿ ಅಂದ್ರ ಹಾಸ್ಯಾನ್ರಿ?

ಗೋವಿಂದಪ್ಪ: ಅದಿ ಕಾದಮ್ಮಾ, ಹಂಗಲ್ಲ, ಗಾತ್ರ ನೋಡ್ಬೇಕು! ಎಮ್ಮಿ ಎಷ್ಟು ದೊಡ್ಡದು, ಕುರಿ ಎಷ್ಟು ಸಣ್ಣದು?

ಶಿರೀಷಾ: ನಮ್ಮವ್ವ ಕುರಿ ಕಾದಾ ನನ್ನ ಡಿಗ್ರಿ ಓದ್ಸ್ಯಾಳ ಸಾರ್. ನನಗ ಅದು ಸಣ್ಣದು ಅನ್ಸೂದಿಲ್ಲ.

ಗೋವಿಂದಪ್ಪ: ನಿಮ್ಮವ್ವನ ಬಗ್ಗೆ ಯಾರೂ ಏನೂ ಅಂದಿಲ್ಲಮ್ಮಾ. ಎಲ್ಲಾ ನಿನ್ನ ಮ್ಯಾಲಾ ಎಳಕೋಬ್ಯಾಡ.

ಶಿರೀಷಾ ಈ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಊರಲ್ಲಿ ಅವ್ವ ಆರಕ್ಕೆ ಸರಿಯಾಗಿ ಟಿವಿ ಮುಂದೆ ಕುಳಿತು, ಮಗಳು "ನಮಸ್ಕಾರ" ಎಂದಾಗ ತಾನೂ ಕೈಮುಗಿಯುತ್ತಿದ್ದಳು. ಅದನ್ನು ನೆನೆದು ಶಿರೀಷಾ ಬಾಯಿಗೆ ಬಂದ ಮಾತನ್ನು ನುಂಗಿ, ಬರೆದದ್ದನ್ನು ಹೊಡೆದು ಹಾಕಿದಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಬಾಗಿಲಲ್ಲಿ ಐವತ್ತರ ಆಸುಪಾಸಿನ ಹೆಂಗಸು, ಹೆಗಲಿಗೆ ಚೀಲ, ಮುಖದ ಮೇಲೆ ಬಸ್ಸಿನ ಧೂಳು.

ಲಿಂಗಕ್ಕ: ಟಿವಿ ಅಂದ್ರ ಇದಾ ಏನ್ರಿ? ನಾನು ಲಿಂಗಕ್ಕ, ಸರ್ಪಂಚ್.

ಗೋವಿಂದಪ್ಪ ಎದ್ದು ನಿಂತ. ತನ್ನ ಕುರ್ಚಿಯನ್ನೇ ಆಕೆಯ ಕಡೆ ತಳ್ಳಿದ.

ಗೋವಿಂದಪ್ಪ: ಬರ್ರಿ ಅಕ್ಕಾ, ಬರ್ರಿ! ನಿಮ್ಮ ವಿಷಯಾನಾ ಮಾತಾಡ್ತಿದ್ವಿ. ನಿನ್ನೆ ಸಭಾದಾಗ ಭಾಳ ನಗಿ ಆಯ್ತಂತ?

ಲಿಂಗಕ್ಕ: ಆಯ್ತು. ನನ್ನ ಬಿಟ್ಟು ಎಲ್ಲಾರೂ ನಕ್ರು.

ಗೋವಿಂದಪ್ಪ: ನೀವೂ ಒಳಗ ನಕ್ಕಿರ್ತೀರಿ. ಕ್ಯಾಮೆರಾ ಮುಂದ ಒಂದು ಸಣ್ಣ ನಗಿ ನಕ್ಕು, "ರಾಮಾಂಜನೇಯ ಅಣ್ಣ ನಮ್ಮ ಮನಿ ಮನಿಷ್ಯಾ ಇದ್ದಂಗ, ಚಾಷ್ಟಿ ಮಾಡ್ಯಾರ" ಅಂದುಬಿಡ್ರಿ.

ಲಿಂಗಕ್ಕ: ಮನಿ ಮನಿಷ್ಯಾ ಆದ್ರ ಮನಿಗೆ ನೀರು ಬಿಡ್ಸ್ಲಿ. ಇವತ್ತ ಮುಂಜಾನಿ ನಮ್ಮ ಪಂಚಾಯ್ತಿ ಮೀಟಿಂಗ್ ಇತ್ರಿ. ಪೈಪಿನ ಮಾತೆತ್ತಿ ಎದ್ದು ನಿಂತೆ. ಮೆಂಬರ್ ಒಬ್ಬಾಂವ "ಬ್ಯಾ" ಅಂದ. ಅವನ ಬಾಜೂಕ ಕುಂತಾಂವ ಅಂದ. ಮತ್ತ ಎಲ್ಲಾರೂ ಅಂದ್ರು. ಠರಾವು ಓದಾಕಾ ಬಿಡಲಿಲ್ಲ. ಅದಕ್ಕ ಹತ್ತಾರು ಮಂದಿ ನೋಡೋ ಟಿವಿಯಾಗಾದ್ರೂ ಪೈಪಿನ ಮಾತು ಬರ್ಲಿ ಅಂತ ಬಂದೀನಿ.

ಶಿರೀಷಾ: ಬರ್ತೈತಿ ಅಕ್ಕಾ.

ಗೋವಿಂದಪ್ಪ: ನೋಡೋಣ ಅಂತ ಹೇಳು. "ಬರ್ತೈತಿ" ಅನ್ನಬ್ಯಾಡ.

ಆತನ ಫೋನು ಬಡಿದುಕೊಂಡಿತು. ಆಲೂರಿನಿಂದ ತಿಪ್ಪೇಶ. ಗೋವಿಂದಪ್ಪ ಕೇಳುತ್ತ ಕೇಳುತ್ತ ಬಣ್ಣಗೆಟ್ಟ.

ಗೋವಿಂದಪ್ಪ: ಏನಂದಿ? ಮಂಡಲದ ಹುದ್ದೆ ಸಿಗಲಿಲ್ಲಂತ ಮುನಿಸ್ಕೊಂಡು... ಆ ಪಕ್ಷಕ್ಕ? ಕಾರು ಹೊಂಟೈತಾ? ಸರೇ, ಸರೇ.

ಫೋನಿಟ್ಟು ಆತ ಲಿಂಗಕ್ಕನ ಕಡೆ ತಿರುಗಿದ. ದನಿಯಲ್ಲಿ ಹೊಸದಾಗಿ ದುಃಖ ತುಂಬಿತ್ತು.

ಗೋವಿಂದಪ್ಪ: ತಾಯೀ! ಎಂಥಾ ಮಾತು ಅಂದ ಆ ಅಯೋಗ್ಯ ನಿಮಗ!

ಲಿಂಗಕ್ಕ: ಯಾರ್ರಿ?

ಗೋವಿಂದಪ್ಪ: ರಾಮಾಂಜನೇಯ!

ಲಿಂಗಕ್ಕ: ಈಗಿನ್ನಾ ಮನಿ ಮನಿಷ್ಯಾ ಅಂದ್ರಿ?

ಗೋವಿಂದಪ್ಪ: ಮನಿ ಬಿಟ್ಟು ಹೊಂಟಾನ. ಶಿರೀಷಾ, "ಹೆಣ್ಣುಕುಲ" ವಾಪಸ್ ಹಾಕು! "ತೀವ್ರ" ಬ್ಯಾಡ, "ಅತಿ ತೀವ್ರ" ಹಾಕು! ಅಕ್ಕಾ, ಕ್ಯಾಮೆರಾ ಮುಂದ ಒಂದೆರಡು ಹನಿ ಕಣ್ಣೀರು ಹಾಕ್ರಿ.

ಲಿಂಗಕ್ಕ: ನಿನ್ನೆ ಸಭಾದಾಗಾ ಬರಲಿಲ್ಲ. ಈಗೆಲ್ಲಿಂದ ತರ್ಲಿ?

ಗೋವಿಂದಪ್ಪ: ಸೆರಗು ಕಣ್ಣಿಗೆ ಹಚ್ಕೊಂಡ್ರೂ ಸಾಕು. ಉಳಿದದ್ದು ಸಂಗೀತ ನೋಡ್ಕೊಂತೈತಿ.

ಲಿಂಗಕ್ಕ: ಪೈಪಿನ ಮಾತು?

ಗೋವಿಂದಪ್ಪ: ಅಳೋರ ಬಾಯಾಗ ಪೈಪ್ ಚೆಂದ ಕಾಣ್ಸೂದಿಲ್ಲ ಅಕ್ಕಾ.

ಲಿಂಗಕ್ಕ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. ಗೋವಿಂದಪ್ಪ ಅದನ್ನೇ ಅಳು ಎಂದು ತಿಳಿದು, "ಹಾಂ, ಹಂಗಾ! ಇದನ್ನಾ ಕ್ಯಾಮೆರಾ ಮುಂದ ಮಾಡ್ರಿ" ಎಂದು ಕುಣಿದಾಡಿದ. ಶಿರೀಷಾ ಹೊಡೆದು ಹಾಕಿದ್ದನ್ನೆಲ್ಲ ಮತ್ತೆ ಬರೆಯತೊಡಗಿದಳು. ಕಾಗದದ ಮೇಲೆ ರಾಮಾಂಜನೇಯ ಒಮ್ಮೆ ರಾಕ್ಷಸ, ಒಮ್ಮೆ ವಿದೂಷಕ, ಮತ್ತೆ ರಾಕ್ಷಸ. ಲಿಂಗಕ್ಕ ಎಲ್ಲಿ ಎಂದು ಹುಡುಕಿದರೆ, ಮೂರು ಬರಹದಲ್ಲಿ ಒಂದರಲ್ಲೂ ಆಕೆಯ ನೀರಿನ ಪೈಪು ಇರಲಿಲ್ಲ.

ಆರಕ್ಕೆ ಐದು ನಿಮಿಷವಿದ್ದಾಗ ಫೋನು ಮತ್ತೆ ಬಡಿದುಕೊಂಡಿತು.

ಗೋವಿಂದಪ್ಪ: ಹೇಳಪಾ ತಿಪ್ಪೇಶ. ಏನು, ಕಾರು ತಿರುಗ್ತಾ? ಹುದ್ದೆ ಕೊಟ್ಟುಬಿಟ್ರಾ? ಮಂಡಲ ಸಂಯೋಜಕ? ಹಾರ ಹಾಕಿದ್ರಾ?

ಶಿರೀಷಾ ಪೆನ್ನು ಕೆಳಗಿಟ್ಟಳು.

ಶಿರೀಷಾ: ಹೆಣ್ಣುಕುಲ ತಗೀಲೇನ್ರಿ ಸಾರ್?

ಗೋವಿಂದಪ್ಪ: ತಗಿ, ತಗಿ! ನಗೆಗಡಲು ಹಾಕು! ಅಕ್ಕಾ, ಕಣ್ಣು ಒರೆಸ್ಕೊಳ್ರಿ, ನಗ್ಬೇಕೀಗ.

ಲಿಂಗಕ್ಕ: ನಾನು ಅತ್ತಾ ಇಲ್ಲ, ಒರೆಸ್ಕೊಳ್ಳೂದೇನು? ತಂಗೀ, ನೀನು ಒಂದು ಮಾತು ಹೇಳವಾ. ಇವರು ಹೇಳಿದ್ದು ಬಿಡು. ಆಂವ ಏನಂದ, ನಾನು ಏನು ಕೇಳಿದ್ದೆ, ಅಷ್ಟು ಓದಾಕ ನಿನ್ನ ಕೈಲಿ ಆಗ್ತೈತೇನು?

ಶಿರೀಷಾ ಎದ್ದು ಮೇಜಿನ ಧೂಳು ಒರೆಸಿ, ಕುರ್ಚಿಯಲ್ಲಿ ಕುಳಿತಳು. ಮೈಕನ್ನು ಕೊರಳಿಗೆ ಸಿಕ್ಕಿಸಿಕೊಂಡಳು. ಆಚೆ ಗಾಜಿನ ಹಿಂದೆ ಗೋವಿಂದಪ್ಪ ಎರಡೂ ಕೈಯಿಂದ ತುಟಿಯ ಅಂಚು ಹಿಗ್ಗಿಸಿ "ನಗು, ನಗು" ಎಂದು ಸನ್ನೆ ಮಾಡುತ್ತಿದ್ದ. ಕೆಂಪು ದೀಪ ಹತ್ತಿತು. ಅವಳು ಕಾಗದವನ್ನು ಬೋರಲು ಹಾಕಿದಳು.

ಶಿರೀಷಾ: ನಮಸ್ಕಾರ. ನಿನ್ನೆ ಆಲೂರಿನ ಮಂಡಲ ಸಭೆಯಲ್ಲಿ ಸರ್ಪಂಚ್ ಲಿಂಗಕ್ಕ ಅವರು ತಮ್ಮ ಊರಿಗೆ ಕುಡಿಯುವ ನೀರಿನ ಪೈಪ್ ಯಾವಾಗ ಬರುತ್ತದೆ ಎಂದು ಕೇಳಿದರು. ಅದಕ್ಕೆ ರಾಮಾಂಜನೇಯ ಅವರು, "ಕುರಿ ಕಾಯಾಕಿ ಕೈಯಾಗ ಮೈಕ್ ಕೊಟ್ರ ಬ್ಯಾ ಅನ್ನದ ಮತ್ತೇನಂತಾಳ" ಎಂದರು. ಪೈಪ್ ಯಾವಾಗ ಬರುತ್ತದೆ ಎಂದು ಹೇಳಲಿಲ್ಲ. ಹೋದ ವಾರ ಇನ್ನೊಂದು ಪಕ್ಷದವರು ಇಂಥದೇ ಮಾತಾಡಿದಾಗ ಈ ವಾರ್ತೆಯಲ್ಲಿ ಅದನ್ನು ಹೆಣ್ಣುಕುಲಕ್ಕೆ ಅವಮಾನ ಅಂದಿದ್ದೆವು. ಇಂದು ಇದನ್ನು ಹಾಸ್ಯ ಅನ್ನಬೇಕೆಂದು ನನಗೆ ಹೇಳಿದ್ದಾರೆ. ನೀವೇ ಕೇಳಿದ್ದೀರಿ. ನಗು ಬಂದರೆ ನಗಿರಿ.

ಗಾಜಿನ ಆಚೆ ಗೋವಿಂದಪ್ಪನ ತುಟಿಗಳು ತಾವಾಗಿಯೇ ಮುಚ್ಚಿಕೊಂಡವು. ಆತ ಒಂದೊಂದೇ ಗುಂಡಿ ಒತ್ತುತ್ತ ಪ್ರಸಾರ ನಿಲ್ಲಿಸಲು ಪರದಾಡಿದ. ಮೊದಲು ಪಂಖ ನಿಂತಿತು, ಆಮೇಲೆ ದೀಪ ಆರಿತು, ಹೋದ ವಾರದ ಶೋಕ ಸಂಗೀತ ಒಂದಿಷ್ಟು ಮೊಳಗಿತು. ವಾರ್ತೆ ಮಾತ್ರ ನಿಲ್ಲಲಿಲ್ಲ.

ಹತ್ತು ನಿಮಿಷ ಮುಗಿದಾಗ ಮೇಲಿನವರ ಫೋನು ಬಂದು ಹೋಗಿತ್ತು. ಗೋವಿಂದಪ್ಪ ಆಗಲೇ ಒಂದು ಕಾಗದ ಅಚ್ಚು ಹಾಕಿಸಿ ಹಿಡಿದು ನಿಂತಿದ್ದ.

ಗೋವಿಂದಪ್ಪ: ನಾನೇನೂ ಮಾಡಾಕಾಗಲಿಲ್ಲಮ್ಮಾ. ಇವತ್ತಿಂದಾ ನಿನ್ನ ತೆಗೆದಾರ.

ಶಿರೀಷಾ: ಕಾರಣ?

ಗೋವಿಂದಪ್ಪ: "ಪ್ರಸಾರದ ವೇಳೆ ಮಹಿಳೆಯೊಬ್ಬರ ಬಗ್ಗೆ ಅವಹೇಳನಕಾರಿ ಭಾಷೆ ಬಳಸಿದ್ದಕ್ಕಾಗಿ."

ಶಿರೀಷಾ: ಆ ಭಾಷಿ ನಂದಲ್ಲಲ್ರಿ, ರಾಮಾಂಜನೇಯಂದು!

ಗೋವಿಂದಪ್ಪ: ಅಂವಂದು ಹಾಸ್ಯ ಅಂತ ತೀರ್ಮಾನ ಆಗೈತಿ. ಓದುವಾಗ ನೀನು ನಗಲಿಲ್ಲ. ಅದಕ್ಕ ನಿನ್ನದು ಅವಹೇಳನ ಆತು.

ಲಿಂಗಕ್ಕ: ಅಂದ್ರ ನನಗ ಅಂದಾಂವಗ ಹುದ್ದೆ, ಅಂದಾನಂತ ಹೇಳಿದಾಕಿಗೆ ಮನಿ ದಾರಿ. ಅವಮಾನ ಆಗಿದ್ದು ನನಗಲ್ಲೇನ್ರಿ? ನನ್ನನ್ನ ಒಂದು ಮಾತು ಕೇಳಲಿಲ್ಲಲ್ಲ?

ಗೋವಿಂದಪ್ಪ: ಅಕ್ಕಾ, ನಿಮ್ಮ ಪರವಾಗಿನಾ ಈ ಕ್ರಮ ತಗೊಂಡೀವಿ. ಖುಷಿ ಪಡ್ರಿ.

ಇಬ್ಬರೂ ಮೆಟ್ಟಿಲಿಳಿದರು. ಹತ್ತಿಬೀಜದ ಅಂಗಡಿಯವನು ತನ್ನ ಟಿವಿಯಿಂದ ತಲೆ ತಿರುಗಿಸಿ ಶಿರೀಷಾಳನ್ನೇ ನೋಡಿ, ಒಂದು ಸ್ಟೂಲು ಮುಂದಿಟ್ಟ. ಅವಳು ಕುಳಿತಳು. ಅವ್ವನಿಗೆ ಏನೆಂದು ಹೇಳುವುದು ಎಂದು ಯೋಚಿಸಿದಳು. ಆದರೂ ಎಂಟು ತಿಂಗಳಲ್ಲಿ ಮೊದಲ ಸಲ, ಓದಿದ ವಾರ್ತೆಯ ಬಗ್ಗೆ ನಾಚಿಕೆ ಅನ್ನಿಸಲಿಲ್ಲ.

ಲಿಂಗಕ್ಕನ ಫೋನಿಗೆ ಊರಿನಿಂದ ಕರೆ ಬಂತು. ಬೆಳಿಗ್ಗೆ ಮೊದಲು "ಬ್ಯಾ" ಅಂದಿದ್ದ ಪಂಚಾಯ್ತಿಯ ಮೆಂಬರನೇ. ನಾಳೆ ಇನ್ನೊಂದು ಮೀಟಿಂಗ್ ಕರೆಯೋಣ, ಠರಾವು ಓದಿರಿ, ಮನೆಯಲ್ಲಿ ಹೆಂಡತಿ ಟಿವಿ ನೋಡಿ ಊಟಕ್ಕೆ ಬಡಿಸುತ್ತಿಲ್ಲ ಎಂದ.

ಅದರ ಬೆನ್ನಿಗೇ ಶಿರೀಷಾಳ ಫೋನು. ಇನ್ನೊಂದು ಪಕ್ಷದ ಚಾನೆಲ್ಲಿನ ಸಂಪಾದಕರು.

ಫೋನಿನವರು: ಅಮ್ಮಾ, ಅಬ್ಬಬ್ಬಾ! ಸತ್ಯ ಅಂದ್ರ ಇದು, ಧೈರ್ಯ ಅಂದ್ರ ಇದು! ನಾಳೆಯಿಂದಾ ನಮ್ಮಲ್ಲಿ ಬಂದು ಕುಂದ್ರಿ. ಇದೇ ದನಿ, ಇದೇ ಧಾಟಿ, ಒಂದು ಅಕ್ಷರ ಬದಲಾಯಿಸೂದು ಬ್ಯಾಡ.

ಶಿರೀಷಾ: ಭಾಳ ಸಂತೋಷ ಸಾರ್. ಒಂದು ಕೇಳ್ಲೇನ್ರಿ? ನಾಳೆ ನಿಮ್ಮ ಕಡೆಯೋರು ಯಾರಾದ್ರೂ ಇಂಥಾ ಮಾತಂದ್ರ, ಅದನ್ನೂ ಹಿಂಗಾ ಓದ್ಲೇನ್ರಿ?

ಫೋನಿನವರು: ಹಲೋ? ಹಲೋ? ಅಮ್ಮಾ, ನಿಮ್ಮ ದನಿ ಕೇಳಸ್ವಲ್ದು. ಹಲೋ?

ಕರೆ ಕಟ್ಟಾಯಿತು.

ಲಿಂಗಕ್ಕ: ಏನಂತವಾ?

ಶಿರೀಷಾ: ಕೇಳಸ್ವಲ್ದಂತ ಅಕ್ಕಾ. ಈ ಪ್ರಶ್ನಿ ಕೇಳೂತನಾ ಎಲ್ಲಾ ಚೆಂದಾಗಿ ಕೇಳಸ್ತಿತ್ತು.

ಲಿಂಗಕ್ಕ: ಹಂಗಾರ ಎರಡೂ ಪಕ್ಷಕ್ಕ ಕಿವಿ ಡಾಕ್ಟರ್ ಒಬ್ಬಾನಾ ಅದಾನ ಬಿಡು.