ನಾಲ್ಕನೆಯ ಚಕ್ರ

ಮುರಳೀಕೃಷ್ಣನ ಕಾರಿನ ಚಕ್ರದ ಮೇಲೆ ಮೊದಲ ಗುಳ್ಳೆ ಎದ್ದದ್ದು ಏಳು ತಿಂಗಳ ಹಿಂದೆ. ಆಗ ಅದು ಸಾಸಿವೆ ಕಾಳಿನಷ್ಟಿತ್ತು. ಕಾಗೆ ಹಿಕ್ಕೆ ಇರಬೇಕೆಂದು ಉಗುರಿನಿಂದ ಕೆರೆದು ನೋಡಿದ, ಹೋಗಲಿಲ್ಲ. ತಿಂಗಳು ತುಂಬುವುದರೊಳಗೆ ಅದು ಹುರಿಗಡಲೆಯಷ್ಟಾಯಿತು, ಬಂಧುಬಳಗವನ್ನೆಲ್ಲ ಕರೆಸಿಕೊಂಡಿತು, ನಾಲ್ಕೂ ಚಕ್ರಗಳು ಹಳೇ ಮನೆಯ ಸುಣ್ಣದ ಗೋಡೆಯ ಹಾಗೆ ಬಿಳಿ ಬಿಳಿಯಾಗಿ ಹೊಪ್ಪಳಿಸಿ ಉದುರತೊಡಗಿದವು.

ಮಾಮೂಲಿ ಕಬ್ಬಿಣದ ಚಕ್ರವಾಗಿದ್ದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇವು ಅಲಾಯ್ ವೀಲುಗಳು. ಎರಡು ವರ್ಷದ ಹಿಂದೆ ಕಾರು ಕೊಳ್ಳುವಾಗ ಹೆಂಡತಿ ಚಂದ್ರಕಲಾ ಕೈ ಮುಗಿಯುವುದೊಂದು ಬಾಕಿ ಇಟ್ಟು ಹೇಳಿದ್ದಳು: "ರೀ, ಮಾಮೂಲಿ ಚಕ್ರದ್ದೇ ಸಾಕು. ಮಿಕ್ಕಿದ ದುಡ್ಡಲ್ಲಿ ಬಚ್ಚಲಿಗೆ ಒಂದು ಸೋಲಾರ್ ಹಾಕಿಸೋಣ. ಹಂಡೆ ಒಲೆ ಊದೀ ಊದೀ ನನ್ನ ಕಣ್ಣೇ ಹೋಗ್ತಾ ಇದೆ."

"ಅಲಾಯ್ ಅಂದ್ರೆ ಏನಂತ ತಿಳ್ಕೊಂಡಿದೀಯ? ತುಕ್ಕೇ ಹಿಡಿಯಲ್ಲ ಕಣೇ. ಜೀವಮಾನ ಪೂರ್ತಿ ಹಂಗೇ ಫಳಫಳ ಅಂತಿರ್ತದೆ" ಎಂದು ಇವನು ಎದೆ ತಟ್ಟಿಕೊಂಡಿದ್ದ.

ಗುಳ್ಳೆ ಎದ್ದ ದಿನದಿಂದ ಚಂದ್ರಕಲಾ ಜಗಳವಾಡಲಿಲ್ಲ, ಅತ್ತು ಕರೆಯಲಿಲ್ಲ. ಬೆಳಿಗ್ಗೆ ಎದ್ದು ಹಂಡೆ ಒಲೆಗೆ ಉರಿ ಹಾಕಿ, ಊದುಕೊಳವೆಯಿಂದ ಬಾಯಿ ತೆಗೆದು, ಹೊಗೆಯಲ್ಲಿ ಕೆಂಪಾದ ಕಣ್ಣನ್ನು ಗಂಡನ ಕಡೆ ತಿರುಗಿಸಿ, "ಚಕ್ರ ಹೆಂಗಿವೆ?" ಎಂದು ಕೇಳುತ್ತಿದ್ದಳು. ಅಷ್ಟೇ. ಇನ್ನೂರು ದಿನ, ಒಂದು ದಿನವೂ ತಪ್ಪಲಿಲ್ಲ. ಗಂಡಸಾದವನು ಹೇಗೆ ತಡೆದುಕೊಳ್ಳಬೇಕು ಹೇಳಿ?

ಕೋಲಾರದ ಷೋರೂಮಿನಲ್ಲಿ ಸರ್ವೀಸ್ ಮ್ಯಾನೇಜರ್ ಕಾಂತರಾಜ್ ಎಂಬವನಿದ್ದ. ಟೈ ಕಟ್ಟಿದ, ನಗುಮುಖದ, ಬಲು ಮರ್ಯಾದಸ್ಥ ಹುಡುಗ. "ವಾರಂಟಿ ಇದೆ ಸಾರ್, ಖಂಡಿತ ಮಾಡ್ಕೊಡೋಣ, ಫೋಟೋ ತನ್ನಿ" ಎಂದ. ಫೋಟೋ ಕೊಟ್ಟರೆ ಅರ್ಜಿ ಬೇಕೆಂದ. ಅರ್ಜಿ ಕೊಟ್ಟರೆ ಮುಂದಿನ ವಾರ ಬನ್ನಿ ಎಂದ. ಮುರಳಿ ಮಾಲೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಹದಿನಾರು ವರ್ಷದಿಂದ ಗುಮಾಸ್ತ. ಯಾರಿಂದಲೂ ಒಂದು ಲೋಟ ಕಾಫಿ ಕುಡಿದವನಲ್ಲ, ಆ ಮಾತು ಸತ್ಯ. ಆದರೆ "ಮುಂದಿನ ವಾರ ಬನ್ನಿ" ಎಂಬ ಮಾತನ್ನು ಎಷ್ಟು ಸಾವಿರ ಸಲ ಹೇಳಿದ್ದನೋ ಲೆಕ್ಕವಿಲ್ಲ. ಅದನ್ನು ಇನ್ನೊಬ್ಬರ ಬಾಯಿಂದ ಕೇಳಿದರೆ ಹೊಟ್ಟೆಯೊಳಗೆ ಹೇಗೆ ಉರಿಯುತ್ತದೆಂದು ಅವನಿಗೆ ತಿಳಿದದ್ದು ಆವಾಗಲೇ.

ಕೊನೆಗೊಮ್ಮೆ ಕಾಂತರಾಜ್ ಫೋನ್ ಮಾಡಿದ. "ಸಾರ್, ನಾಳೆ ಮೂರು ಗಂಟೆಗೆ ಕಂಪನಿ ಇನ್ಸ್‌ಪೆಕ್ಟರ್ ಬರ್ತಾರೆ. ನಿಮ್ಮ ವಾರಂಟಿಗೂ ನಾಳೇನೇ ಕಡೇ ದಿನ. ಅವರು ಕಣ್ಣಾರೆ ನೋಡಿ ಹ್ಞೂಂ ಅಂದ್ರೆ ನಾಲ್ಕೂ ಹೊಸಾದು. ಒಂದೇ ಮಾತು, ಚಕ್ರ ತೊಳೀಬೇಡಿ, ಒರೆಸ್ಬೇಡಿ. ಗುಳ್ಳೆ ಹೆಂಗಿದಾವೋ ಹಂಗೇ ಕಾಣ್ಬೇಕು."

ಮರುದಿನ ಮುರಳಿ ರಜೆ ಹಾಕಿದ. ಬೆಳಿಗ್ಗೆ ಬಾಗಿಲು ತೆರೆದು ನೋಡಿದರೆ ಎದುರುಮನೆಯ ಆಂಜಿನಮ್ಮ ಕಾರಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಹುಣಸೆಹಣ್ಣು, ಇನ್ನೊಂದರಲ್ಲಿ ತೆಂಗಿನ ನಾರು.

"ಅಜ್ಜೀ! ಮುಟ್ಬೇಡ!" ಎಂದು ಕಿರುಚಿ ಒಂದೇ ನೆಗೆತಕ್ಕೆ ಚಕ್ರಕ್ಕೂ ಅಜ್ಜಿಗೂ ನಡುವೆ ಹೋಗಿ ನಿಂತ.

"ಯಾಕಪ್ಪಾ ಹಂಗ್ ಬಡ್ಕೋತೀಯ? ಹುಣಸೇಹಣ್ಣಲ್ಲಿ ತಿಕ್ಕಿದ್ರೆ ಎಂಥಾ ಚೊಂಬಾದ್ರೂ ಹೊಳೀತದೆ. ಪಾಪ, ನಿನ್ ಹೆಂಡ್ತಿ ದಿನಾ ಕೇಳ್ತಾಳಲ್ಲಾಂತ ಬಂದೆ" ಎಂದು ಅಜ್ಜಿ ಮುಖ ಊದಿಸಿಕೊಂಡಳು.

ಇಡೀ ಬೀದಿಗೇ ಗೊತ್ತಿದೆಯೆಂದಾಯಿತು. ಹಾಳಾಗಲಿ ಎಂದು ಕಾಗದಪತ್ರ ಹುಡುಕಿದರೆ ವಾರಂಟಿ ಪುಸ್ತಕವೇ ಇಲ್ಲ. ಅದು ಮಾಲೂರಿನ ಕಚೇರಿಯ ಮೇಜಿನಲ್ಲಿ ಭದ್ರವಾಗಿತ್ತು. ಕಾರಿನಲ್ಲೇ ಹೋಗಿ ತರೋಣವೆಂದರೆ ಮಾಲೂರಿನ ರಸ್ತೆಯನ್ನು ಪೈಪಿಗೆಂದು ಅಗೆದು ಉದ್ದಕ್ಕೂ ಕೆಸರು ಮಾಡಿಟ್ಟಿದ್ದರು, ಗುಳ್ಳೆಗಳು ಮುಚ್ಚಿಹೋದರೆ? ಇಲ್ಲೇ ಬಿಟ್ಟು ಹೋಗೋಣವೆಂದರೆ ಆಂಜಿನಮ್ಮನ ಹುಣಸೆಹಣ್ಣು. ಯೋಚಿಸಿ ಯೋಚಿಸಿ ಬೀದಿಯ ಕೊನೆಯಲ್ಲಿದ್ದ ಆವಲಪ್ಪನ ಶೆಡ್ಡಿನೊಳಗೆ ಕಾರು ನಿಲ್ಲಿಸಿದ.

ಮುರಳಿಯ ಊರಾದ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರಿಗೆ ಬರವಿಲ್ಲ. ಆದರೆ ಮೆರುಗು ಕೊಡುವುದರಲ್ಲಿ ಆವಲಪ್ಪನ ಕೈಯೇ ಕೈ. ಕಲ್ಲಾದರೂ ಸರಿ, ಪಂಚಲೋಹವಾದರೂ ಸರಿ, ಅವನ ಶೆಡ್ಡಿನಿಂದ ಹೊರಗೆ ಹೋದ ಮೂರ್ತಿಯ ಕೆನ್ನೆಯಲ್ಲಿ ನೀವು ತಲೆ ಬಾಚಿಕೊಳ್ಳಬಹುದು. ಮದನಪಲ್ಲಿಯ ಕಡೆ ಯಾವುದೋ ಗುಡಿಗೆ ವಿಗ್ರಹಗಳನ್ನು ಕೆತ್ತಿ ಕೂರಿಸಲು ಹೋದವನು ಎಂಟು ತಿಂಗಳ ಮೇಲೆ ಹಿಂದಿನ ರಾತ್ರಿಯಷ್ಟೇ ಮರಳಿದ್ದ. ಹೀಗಾಗಿ ಚಕ್ರದ ವ್ಯಾಜ್ಯ ಊರಲ್ಲಿ ತಿಳಿಯದವನು ಯಾರಾದರೂ ಇದ್ದರೆ ಅವನೊಬ್ಬನೇ.

"ಮಾಮ, ಮಧ್ಯಾಹ್ನದವರೆಗೂ ಕಾರು ಇಲ್ಲಿರ್ಲಿ. ಚಕ್ರದ ಮೇಲೆ ಒಂದು ಕಣ್ಣಿಟ್ಟಿರು. ಇವತ್ತು ಕೋಲಾರದಲ್ಲಿ ಅದನ್ನ ನೋಡೋಕೆ ಕಂಪನಿಯಿಂದ ದೊಡ್ಡೋರೊಬ್ರು ಬರ್ತಾರೆ" ಎಂದ ಮುರಳಿ, ದೂರದಲ್ಲಿ ಬಸ್ಸು ಕಂಡು ಓಟ ಕಿತ್ತ.

ಆವಲಪ್ಪ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಚಕ್ರ ನೋಡಿದ. ಗುಳ್ಳೆ ಮುಟ್ಟಿದ. ನೋಡೋಕೆ ದೊಡ್ಡವರು ಬರುತ್ತಾರಂತೆ, ಚಕ್ರ ನೋಡಿದರೆ ಹೀಗೆ! ಎರಡು ವರ್ಷದ ಹಿಂದೆ ಅವನ ತಾಯಿಯ ಪಿಂಚಣಿ ಕಾಗದವನ್ನು ಮುರಳಿ ಸರಿಮಾಡಿಸಿ ಕೊಟ್ಟಿದ್ದ, ಬಿಡಿಗಾಸು ಮುಟ್ಟಿರಲಿಲ್ಲ. ಆ ಋಣ ಆವಲಪ್ಪನ ಎದೆಯಲ್ಲಿ ಕೂತಿತ್ತು. ಅವನು ಲುಂಗಿ ಎತ್ತಿ ಕಟ್ಟಿದ, ಗ್ರೈಂಡರಿನ ವೈರನ್ನು ಪ್ಲಗ್ಗಿಗೆ ಸಿಕ್ಕಿಸಿದ.

ಮುರಳಿ ಪುಸ್ತಕ ಹಿಡಿದು ಹಿಂದಿರುಗಿದಾಗ ಗಂಟೆ ಒಂದೂವರೆ. ಶೆಡ್ಡಿನೊಳಗೆ ಕಾಲಿಟ್ಟ, ಅಲ್ಲೇ ನಿಂತ. ಎಡಗಡೆಯ ಎರಡು ಚಕ್ರಗಳಲ್ಲಿ ಅವನದೇ ಮುಖ ಎರಡು ಸಲ ಕಾಣುತ್ತಿತ್ತು. ಎರಡರಲ್ಲೂ ಬಾಯಿ ತೆರೆದಿತ್ತು.

"ಕರೆಂಟ್ ಹೋಗ್ಬಿಡ್ತು ಅಳಿಯಾ, ಇಲ್ದಿದ್ರೆ ನಾಲ್ಕೂ ಆಗಿರೋದು. ಮೂರೇ ಆಯ್ತು. ನೋಡು, ಹೆಂಗಿದೆ?" ಎಂದ ಆವಲಪ್ಪ, ಮೈಯೆಲ್ಲ ಬೆಳ್ಳಿಪುಡಿ ಮೆತ್ತಿಕೊಂಡು.

"ಮಾಮ... ಏನ್ ಮಾಡ್ದೆ ಮಾಮ!"

"ಮತ್ತೇನು? ದೊಡ್ಡೋರು ನೋಡ್ತಾರೆ ಅಂದ್ಮೇಲೆ ಮುಖ ತೊಳೀದೆ ಕಳಿಸೋಕಾಗ್ತದಾ? ನನ್ ಶೆಡ್ಡಿಂದ ಇದುವರ್ಗೂ ಅಂಥಾ ಕೆಲಸ ಆಚೆಗೆ ಹೋಗಿಲ್ಲ. ದುಡ್ಡು ಗಿಡ್ಡು ಅಂದ್ರೆ ನೋಡು, ಕೋಪ ಬರ್ತದೆ ನಂಗೆ."

ಮುರಳಿ ಬಯ್ಯಲು ಬಾಯಿ ತೆರೆದ. ಆ ಮನುಷ್ಯನ ಮುಖದಲ್ಲಿದ್ದ ಸಂತೋಷ ನೋಡಿ ಹಾಗೇ ಮುಚ್ಚಿದ. ಕಲ್ಲಿನ ರಾಶಿಯ ಮೇಲೆ ಕೂತು, ನಿಧಾನವಾಗಿ ಎಲ್ಲವನ್ನೂ ವಿವರಿಸಿದ. ಕೇಳುತ್ತ ಕೇಳುತ್ತ ಆವಲಪ್ಪನ ಮುಖ ಇಷ್ಟು ಚಿಕ್ಕದಾಯಿತು.

"ದೇವುಡಾ! ಕಾಯಿಲೆ ತೋರ್ಸೋಕೆ ಹೊರಟೋನಿಗೆ ಕಾಯಿಲೆ ವಾಸಿ ಮಾಡ್ಬಿಟ್ನಲ್ಲಾ! ನಡಿ ಅಳಿಯಾ, ನಾನೇ ಬಂದು ಹೇಳ್ತೀನಿ. ನಂದೇ ತಪ್ಪು ಅಂತ ಹೇಳ್ತೀನಿ. ಇನ್ನೂ ಒಂದು ಇದೆಯಲ್ಲಾ, ಅದನ್ನ ತೋರ್ಸಿದ್ರೆ ಆಯ್ತು" ಎಂದು ಉಪಕರಣದ ಚೀಲ ಹೆಗಲಿಗೇರಿಸಿ ಕಾರು ಹತ್ತಿದ. ಚೀಲ ಬಿಟ್ಟು ಅವನು ಮದುವೆ ಮನೆಗೂ ಹೋದವನಲ್ಲ.

ಇನ್ಸ್‌ಪೆಕ್ಟರ್ ಚಂದ್ರಮೋಹನ್ ಐವತ್ತರ ಮೇಲಿನ, ತೂಕದ ಆಸಾಮಿ. ಟಾರ್ಚು ಹಿಡಿದು ಮಂಡಿಯೂರಿ ನಾಲ್ಕೂ ಚಕ್ರಗಳನ್ನು ನೋಡಿದರು. ಎದ್ದು ಮಂಡಿಯ ಧೂಳು ಕೊಡವಿಕೊಂಡರು.

"ನೋಡಿ ಸಾರ್, ನಾಲ್ಕೂ ಒಂದೇ ದಿನ ಬಂದಿದ್ದು. ಓಡಿದ್ದು ಅದೇ ರಸ್ತೆ, ತೊಳೆದಿದ್ದು ಅದೇ ನೀರು. ಮೂರು ಕನ್ನಡಿ ಥರ ಇವೆ. ಒಂದು ಮಾತ್ರ ಕೆಟ್ಟಿದೆ ಅಂದ್ರೆ ಅದು ನಮ್ಮ ಮಾಲಿನ ದೋಷ ಹೆಂಗಾಗ್ತದೆ? ಆ ಚಕ್ರಕ್ಕೆ ಮನೇಲಿ ನೀವೇ ಏನೋ ಮಾಡ್ತಿದೀರ. ನಾಯಿ ಗೀಯಿ ಸಾಕಿದೀರಾ?"

ಮುರಳಿಗೆ ನೆತ್ತಿಗೇರಿತು. "ನಾಯಿ ಇಲ್ಲ ಸಾರ್! ನಾಲ್ಕೂ ಕೆಟ್ಟಿದ್ವು. ನೋಡಿ, ಫೋಟೋ ಇದೆ."

"ಫೋಟೋ ಯಾವ ಕಾರಿಂದಾದ್ರೂ ಇರ್ಬೋದಲ್ಲ ಸಾರ್" ಎಂದ ಕಾಂತರಾಜ್, ಬಹಳ ಮರ್ಯಾದೆಯಿಂದ.

"ಮೂರನ್ನ ಇವತ್ತು ಬೆಳಿಗ್ಗೆ ಉಜ್ಜಿ ಹೊಳಪು ಮಾಡಿದ್ದು ಇವರು. ಕೇಳಿ ಬೇಕಾದ್ರೆ!" ಎಂದು ಮುರಳಿ ಆವಲಪ್ಪನನ್ನು ಮುಂದಕ್ಕೆ ತಳ್ಳಿದ.

ಚಂದ್ರಮೋಹನ್ ಆವಲಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕರು. "ಯಾರಿಗ್ರೀ ಹೇಳ್ತೀರ? ಫ್ಯಾಕ್ಟರಿಯಿಂದ ಬಂದಾಗ್ಲೂ ಇಷ್ಟು ಹೊಳಪಿರಲ್ಲ. ಇದು ಯಾರೋ ಕೈಯಲ್ಲಿ ಮಾಡಿದ್ದು ಅಂದ್ರೆ ನಾನು ನಂಬಬೇಕಾ?"

ಮೂವತ್ತು ವರ್ಷದಿಂದ ದೇವರುಗಳ ಮುಖ ತಿಕ್ಕಿದ ಮನುಷ್ಯನಿಗೆ ಇಂಥ ಮಾತು ಹೇಳಬಾರದಿತ್ತು. ಆವಲಪ್ಪನ ಕಿವಿ ಕೆಂಪಾಯಿತು. "ಪ್ಲಗ್ ಎಲ್ಲಿದೆ ತೋರ್ಸಿ" ಎಂದ.

"ಸರಿ, ಮಾಡಿ ತೋರ್ಸಿ. ಒಂದು ಅಂಗೈಯಗಲ ಸಾಕು" ಎಂದರು ಚಂದ್ರಮೋಹನ್.

ಮುರಳಿ ಒಂದು ಕ್ಷಣ ಲೆಕ್ಕ ಹಾಕಿದ. ಅಂಗೈಯಗಲ ಹೋದರೂ ಮಿಕ್ಕಿದ್ದು ಉಳಿಯುತ್ತದೆ, ತನ್ನ ಮಾತು ನಿಜವಾಗುತ್ತದೆ. "ಮಾಮ, ಅಂಗೈಯಗಲ ಅಷ್ಟೇ! ಕೇಳಿಸ್ತಾ?" ಎಂದು ಎರಡೆರಡು ಸಲ ಹೇಳಿದ. ಆವಲಪ್ಪ ತಲೆಯಾಡಿಸಿದ.

ಅಷ್ಟರಲ್ಲಿ ಕಾಂತರಾಜ್ ಹತ್ತಿರ ಬಂದು, "ಸಾರ್, ವಾರಂಟಿ ಪುಸ್ತಕದ ಜೆರಾಕ್ಸ್ ಮೂರು ಸೆಟ್ ಬೇಕಲ್ಲಾ. ನಮ್ಮ ಮಿಷನ್ ಕೆಟ್ಟಿದೆ. ರಸ್ತೆ ಆಚೆ ಅಂಗಡಿ ಇದೆ" ಎಂದ.

ಜೆರಾಕ್ಸ್ ಅಂಗಡಿಯ ಮುಂದೆ ದೊಡ್ಡ ಸಾಲಿತ್ತು. ಹದಿನಾರು ವರ್ಷ ಜನರನ್ನು ಇಂಥ ಸಾಲುಗಳಿಗೆ ಅಟ್ಟಿದ್ದ ಮುರಳಿ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತ. ನಿಂತಲ್ಲೇ ಹೊಸ ಚಕ್ರಗಳನ್ನು ಕಲ್ಪಿಸಿಕೊಂಡ, ಚಂದ್ರಕಲಾ ಊದುಕೊಳವೆ ಕೆಳಗಿಟ್ಟು ಬೆರಗಾಗಿ ನೋಡುವುದನ್ನು ಕಲ್ಪಿಸಿಕೊಂಡ. ಆ ಸಂತೋಷದಲ್ಲೇ ಓಡಿ ಬಂದ.

ಕಾರಿನ ಸುತ್ತ ಷೋರೂಮಿನ ಜನವೆಲ್ಲ ಸೇರಿದ್ದರು, ವಾಚ್‌ಮನ್ನೂ ಸೇರಿ. ಯಾರೋ ಚಪ್ಪಾಳೆ ತಟ್ಟಿದರು. ಮುರಳಿ ಜನರನ್ನು ಸರಿಸಿ ನುಗ್ಗಿ ನೋಡಿದ. ನಾಲ್ಕನೆಯ ಚಕ್ರದಲ್ಲಿ ಅವನ ಮುಖ ಮೊದಲ ಮೂರಕ್ಕಿಂತ ಸ್ಪಷ್ಟವಾಗಿ ಕಂಡಿತು.

"ಮಾಮಾ! ಅಂಗೈಯಗಲ ಅಂದಿದ್ನಲ್ಲಾ!"

"ಅಂದಿದ್ದೆ ಅಳಿಯಾ. ಮಾಡ್ದೆ. ಆದ್ರೆ ಮೂಗು ಒಂದು ಹೊಳೀತಾ ಕೆನ್ನೆ ಹಂಗೇ ಇದ್ರೆ ಕೈ ಎತ್ತೋಕೆ ಮನಸ್ಸು ಬರ್ತದಾ ಹೇಳು" ಎಂದು ಆವಲಪ್ಪ ಬೆವರು ಒರೆಸಿಕೊಂಡ.

ಚಂದ್ರಮೋಹನ್ ಬಂದು ಮುರಳಿಯ ಎರಡೂ ಕೈ ಹಿಡಿದುಕೊಂಡರು. "ಸಾರ್, ಕ್ಷಮಿಸ್ಬೇಕು. ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಾಲ್ಕೂ ಚಕ್ರ ಕೆಟ್ಟಿದ್ವು. ದೋಷ ನಮ್ಮದೇ."

"ಹಂಗಾದ್ರೆ ಹೊಸ ಚಕ್ರ..."

"ಯಾವುದಕ್ಕೆ ಸಾರ್? ಕೆಟ್ಟಿರೋದು ಒಂದಾದ್ರೂ ತೋರಿಸಿ, ಈಗ್ಲೇ ಬದಲಾಯಿಸ್ತೀನಿ."

ಮುರಳಿ ನಾಲ್ಕೂ ಚಕ್ರಗಳನ್ನು ನೋಡಿದ. ಅವೂ ಅವನನ್ನು ನೋಡಿದವು.

"ಇನ್ನೊಂದು ವಿಷ್ಯ ಸಾರ್, ಹೊರಗಿನೋರು ಮುಟ್ಟಿದ್ರಿಂದ ವಾರಂಟಿ ಇಲ್ಲಿಗೆ ಮುಗೀತು. ಹೆಂಗೂ ಇವತ್ತೇ ಮುಗೀತಿತ್ತಲ್ಲ" ಎಂದು ಕಾಂತರಾಜ್ ಸಮಾಧಾನ ಹೇಳಿ ಒಂದು ಕಾಗದ ಮುಂದೆ ಹಿಡಿದ. ಅದರಲ್ಲಿ 'ಗ್ರಾಹಕರು ತೃಪ್ತರಾಗಿದ್ದಾರೆ' ಎಂದು ಅಚ್ಚಾಗಿತ್ತು. ಸಹಿ ಹಾಕದಿದ್ದರೆ ಕಾರು ಗೇಟು ದಾಟುವಂತಿರಲಿಲ್ಲ. ಮುರಳಿ ಸಹಿ ಹಾಕಿದ.

ಅತ್ತ ಚಂದ್ರಮೋಹನ್ ಆವಲಪ್ಪನನ್ನು ಎಸಿ ರೂಮಿಗೆ ಕರೆದೊಯ್ದಿದ್ದರು. ಅರ್ಧ ಗಂಟೆಯ ನಂತರ ಆವಲಪ್ಪ ಸ್ವೀಟ್ ಬಾಕ್ಸ್ ಹಿಡಿದು ಹೊರಬಂದ. ಗುಳ್ಳೆ ಎದ್ದ ಕಾರುಗಳು ಇನ್ನೂ ಹನ್ನೊಂದು ಇದ್ದವಂತೆ. ಅವುಗಳಿಗೆಲ್ಲ ಹೊಸ ಚಕ್ರ ಕೊಡುವ ಬದಲು ತಿಂಗಳ ಸಂಬಳಕ್ಕೆ ಆವಲಪ್ಪನನ್ನೇ ಇಟ್ಟುಕೊಂಡಿದ್ದರು.

ಹಿಂದಿರುಗುವ ದಾರಿಯಲ್ಲಿ, ಊರು ಹತ್ತಿರ ಬಂದಾಗ ಮುರಳಿ, "ಮಾಮ, ಈ ಹೊಳಪು ಎಷ್ಟು ದಿನ ಇರ್ತದೆ?" ಎಂದು ಕೇಳಿದ.

"ಸುಳ್ಳು ಯಾಕೆ ಹೇಳ್ಲಿ? ಮೇಲಿನ ಕೋಟಿಂಗೆಲ್ಲ ಹೋಗಿದೆ. ನಾಲ್ಕು ಮಳೆ ಬಿದ್ರೆ ಮತ್ತೆ ಏಳ್ತವೆ."

"ಏಳ್ಲಿ ಬಿಡು, ನೀನಿದೀಯಲ್ಲ."

ಆವಲಪ್ಪ ಸಂಕೋಚದಿಂದ ಕಿಟಕಿಯಾಚೆ ನೋಡಿದ. "ಅದೇ ಅಳಿಯಾ ಪೇಚಾಟ. ಹೊರಗೆ ಚಕ್ರದ ಕೆಲಸ ಮುಟ್ಟಲ್ಲ ಅಂತ ಕಾಗದಕ್ಕೆ ಸಹಿ ಹಾಕಿಸ್ಕೊಂಡಿದಾರೆ. ನೀನು ಷೋರೂಮ್‌ಗೇ ಬರ್ಬೇಕಾಗ್ತದೆ. ಆದ್ರೆ ಕಾಂತರಾಜ್‌ಗೆ ಹೇಳಿ ನಿನ್ನ ಹೆಸರು ಮೊದಲು ಬರೆಸ್ತೀನಿ, ಯೋಚ್ನೆ ಮಾಡ್ಬೇಡ."

ಸಂಜೆ ಹಂಡೆ ಒಲೆಗೆ ಉರಿ ಹಾಕುತ್ತಿದ್ದ ಚಂದ್ರಕಲಾ ಕಾರಿನ ಸದ್ದಿಗೆ ಊದುಕೊಳವೆ ಕೈಯಲ್ಲೇ ಹಿಡಿದು ಹೊರಗೆ ಬಂದಳು. ಚಕ್ರಗಳನ್ನು ನೋಡಿದಳು. ಅವಳ ಕಣ್ಣರಳಿತು.

"ಅಬ್ಬಬ್ಬಾ! ಹೊಸಾವು ಹಾಕ್ಸೇಬಿಟ್ರಲ್ರೀ! ನಿಮ್ಮ ಕೈಲಿ ಆಗಲ್ಲ ಅಂದ್ಕೊಂಡಿದ್ದೆ ಕಣ್ರೀ, ತಪ್ಪಾಯ್ತು!"

ಇನ್ನೂರು ದಿನಗಳ ಮೇಲೆ ಕೇಳಿದ ಒಳ್ಳೆಯ ಮಾತು. ಮುರಳಿಯ ಎದೆ ತುಂಬಿಬಂತು. ಹೌದೆಂದು ಹೇಳಿಬಿಡೋಣವೇ? ನಾಲ್ಕು ಮಳೆಯವರೆಗಾದರೂ ನೆಮ್ಮದಿಯಾಗಿರಬಹುದಲ್ಲ?

"ಹೊಸಾವಲ್ಲಮ್ಮಾ, ನನ್ ಕೈಕೆಲಸ!" ಎಂದು ಆವಲಪ್ಪ ಕಾರಿನಿಂದಿಳಿದು, ಬೆಳಗಿನಿಂದ ನಡೆದದ್ದನ್ನು, ನಾಲ್ಕು ಮಳೆಯ ಮಾತೂ ಸೇರಿ, ಒಂದಕ್ಷರ ಬಿಡದೆ ಹೇಳಿದ. ಸ್ವೀಟ್ ಬಾಕ್ಸನ್ನು ಅವಳ ಕೈಗಿತ್ತು, "ಎಲ್ಲಾ ನಿನ್ ಗಂಡನ ಪುಣ್ಯ ಕಣಮ್ಮಾ. ಮೊದಲ ತಿಂಗಳ ಸಂಬಳ ಬರ್ತಿದ್ದಂಗೇ ನಮ್ಮ ಬಚ್ಚಲಿಗೆ ಸೋಲಾರ್ ಹಾಕಿಸ್ತೀನಿ. ಪಾಪ, ನಮ್ಮೋಳು ಒಲೆ ಊದೀ ಊದೀ ಕಣ್ಣು ಕಳ್ಕೋತಿದಾಳೆ" ಎಂದು ಸಂಭ್ರಮದಿಂದ ಮನೆಯ ಕಡೆ ಹೊರಟ.

ಚಂದ್ರಕಲಾ ಗಂಡನನ್ನು ನೋಡಿದಳು. ಊದುಕೊಳವೆಯನ್ನು ಅವನ ಕೈಗೆ ಕೊಟ್ಟಳು.

"ಉರಿ ಆರ್ತಾ ಇದೆ, ಹೋಗಿ ಊದಿ" ಎಂದು ಜಗಲಿಯ ಮೇಲೆ ಕೂತು ಸ್ವೀಟ್ ಬಾಕ್ಸ್ ಬಿಚ್ಚಿದಳು.

ಮುರಳಿ ಬಚ್ಚಲಿಗೆ ಹೋಗಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಒಂದು ಸಲ ಊದಿದ್ದೇ ತಡ, ಹೊಗೆಯೆಲ್ಲ ಕಣ್ಣಿಗೆ ನುಗ್ಗಿತು. ಹೊರಗೆ ಎಲ್ಲೋ ದೂರದಲ್ಲಿ ಗುಡುಗಿತು, ಹೆಂಚಿನ ಮೇಲೆ ಹನಿ ಬಿದ್ದ ಸದ್ದಾಯಿತು.

"ರೀ, ಮೊದಲನೇ ಮಳೆ ಬಂತು!" ಎಂದು ಚಂದ್ರಕಲಾ ಜಗಲಿಯಿಂದ ಕೂಗಿ ಹೇಳಿದಳು.