ಪೇಪರ್ ಅಣ್ಣ ಓದು ಕಲಿತದ್ದು

ಓದು ಬಾರದಿದ್ದಷ್ಟು ದಿನ ಪೇಪರ್ ಅಣ್ಣನ ಕ್ಷೌರದಂಗಡಿ ಭರ್ಜರಿಯಾಗಿ ನಡೆಯಿತು. ಹದಿನೈದು ವರ್ಷ ಅವನು ದಿನವೂ ಪತ್ರಿಕೆ ಬಿಡಿಸಿ ನೀರು ಕುಡಿದಷ್ಟು ಸಲೀಸಾಗಿ ಸುದ್ದಿ ಓದಿದ. ಕಾಗದದ ಮೇಲೆ ಏನಿದೆ ಎಂಬ ಹಂಗೇ ಇಲ್ಲದವನು ತಡವರಿಸುವುದಾದರೂ ಯಾಕೆ? ಗಿರಾಕಿಗಳಿಗೂ ಅಕ್ಷರದ ಕಾಟವಿರಲಿಲ್ಲ. ಸುದ್ದಿ ಕೇಳಿ, ಗಡ್ಡ ಒಪ್ಪಿಸಿ ಹೋಗುತ್ತಿದ್ದರು.

ಕೆಟ್ಟದ್ದು ಹೆಂಡತಿ ಸಂಜೆ ಶಾಲೆಗೆ ಸೇರಿದ ಮೇಲೆ. ಅವಳಿಗೆ ಓದು ಬಂದ ವಾರವೇ ಗಂಡನ ಬಂಡವಾಳ ಬಯಲಾಯಿತು.

"ಮೊನ್ನೆ ಸೇತುವೆ ಬಿತ್ತು ಅಂತ ಓದಿದ್ರಲ್ಲ, ಪೇಪರಲ್ಲಿ ಎಲ್ಲಿದೆ? ತೋರಿಸಿ ನೋಡೋಣ!"

ಮೂರು ತಿಂಗಳು ಕೂರಿಸಿ ಕಲಿಸಿದಳು. ಆಮೇಲೆ ಒಂದು ಸೋಮವಾರ, "ಇವತ್ತಿಂದ ಪೇಪರಲ್ಲಿ ಇದ್ದದ್ದನ್ನೇ ಓದ್ಬೇಕು, ನನ್ನಾಣೆ" ಎಂದು ಅಂಗಡಿಗೆ ಅಟ್ಟಿದಳು.

ಕುರ್ಚಿಯಲ್ಲಿ ವಾಚ್‌ಮನ್ ಮಾವ, ಅರ್ಧ ಗಡ್ಡ ಬೋಳಿಸಿಕೊಂಡು ಕೂತಿದ್ದ. ಬೆಂಚಿನ ಮೇಲೆ ಇಸ್ತ್ರಿಯವನು. ಅಣ್ಣ ಕತ್ತಿ ಕೆಳಗಿಟ್ಟು ಪತ್ರಿಕೆ ಬಿಡಿಸಿದ.

"ನ... ಗ... ನಗ... ರ... ದ... ಲ್ಲಿ..."

"ಗಂಟಲಿಗೆ ಏನಾದ್ರೂ ಸಿಕ್ಕಾಕ್ಕೊಂಡಿದ್ಯಾ ಅಣ್ಣ?" ಎಂದ ಇಸ್ತ್ರಿಯವನು.

"ಇಲ್ಲಪ್ಪ, ಓದ್ತಾ ಇದೀನಿ."

"ಇದು ಓದೋದಾ? ಓದೋದು ಅಂದ್ರೆ ಹೆಂಗಿರುತ್ತೆ ಅಂತ ನಮಗೆ ಗೊತ್ತಿಲ್ವಾ? ಹದಿನೈದು ವರ್ಷದಿಂದ ಕೇಳ್ತಾ ಇದೀವಿ!"

ವಾಚ್‌ಮನ್ ಮಾವ ಗಾಬರಿಯಿಂದ ಕತ್ತು ಮುಟ್ಟಿಕೊಂಡ. "ಇವನ ಕಣ್ಣು ಹೋಗಿದೆ ಕಣೋ!"

ಉಪಕಾರಿಗಳಿಬ್ಬರೂ ಅಣ್ಣನ ರಟ್ಟೆ ಹಿಡಿದು ಪಕ್ಕದ ಕನ್ನಡಕದಂಗಡಿಗೆ ಎಳೆದೊಯ್ದರು. ಗೋಡೆಯ ಪಟದಲ್ಲಿ ಇದ್ದದ್ದು ಬಿಡಿಬಿಡಿ ಅಕ್ಷರ. ಒಂದಕ್ಕೊಂದು ಕೂಡಿಸುವ ಕಷ್ಟವಿಲ್ಲ. ಅಣ್ಣ ಮೇಲಿಂದ ಕೆಳಗಿನವರೆಗೂ ಪಟಪಟನೆ ಹೇಳಿ ಮುಗಿಸಿದ.

"ಹದ್ದಿನ ಕಣ್ಣು! ಕನ್ನಡಕ ಬೇಡವೇ ಬೇಡ" ಎಂದ ಕನ್ನಡಕದವನು, ವ್ಯಾಪಾರ ಹೋದ ದುಃಖದಲ್ಲಿ.

ಇನ್ನು ಮುಚ್ಚಿಟ್ಟು ಸುಖವಿಲ್ಲವೆಂದು ಅಣ್ಣ ನಿಜವನ್ನೇ ಹೇಳಿಬಿಟ್ಟ. "ಮಾವ, ನನಗೆ ಮೊದಲು ಓದೋಕೆ ಬರ್ತಾನೇ ಇರಲಿಲ್ಲ. ಈಗಷ್ಟೇ ಕಲಿತಿದೀನಿ!"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಕಣ್ಣಲ್ಲ, ತಲೆ" ಎಂದ ಮಾವ ಮೆಲ್ಲಗೆ. "ತಲೆ ಕೆಟ್ಟವನ ಕತ್ತಿಗೆ ಕತ್ತು ಕೊಡೋಕಾಗುತ್ತೇನೋ?"

ಮಿಕ್ಕ ಅರ್ಧ ಗಡ್ಡವನ್ನು ಹೊತ್ತು ಮಾವ ಎದುರಿನ ಹೊಸ ಕ್ಷೌರದಂಗಡಿ ಹೊಕ್ಕ. ಹಿಂದೆಯೇ ಇಸ್ತ್ರಿಯವನು. ತಿಂಗಳಿಂದ ನೊಣ ಹೊಡೆಯುತ್ತಿದ್ದ ಅಲ್ಲಿನ ಯಜಮಾನ ಗಡಬಡಿಸಿ ಪತ್ರಿಕೆ ಬಿಡಿಸಿದ. "ನಡುಸಮುದ್ರದಲ್ಲಿ ಹಡಗು ಮುಳುಗಿ ಮುನ್ನೂರು ಜನ ನೀರುಪಾಲು! ಕ್ಯಾಪ್ಟನ್ ಪರಾರಿ!"

"ಆಹಾ, ಓದು ಅಂದ್ರೆ ಇದು!" ಎಂದ ಇಸ್ತ್ರಿಯವನು.

ಬೆನ್ನಟ್ಟಿ ಬಂದಿದ್ದ ಅಣ್ಣನ ಹೊಟ್ಟೆ ಉರಿದುಹೋಯಿತು. ಯಜಮಾನನ ಹೆಗಲ ಮೇಲಿಂದ ಬಗ್ಗಿ ಪತ್ರಿಕೆಯ ಮೇಲೆ ಬೆರಳಿಟ್ಟ. "ಬಾ... ಡಿ... ಗೆ... ಗೆ... ಮ... ನೆ... ಅಯ್ಯೋ, ಹಡಗೂ ಇಲ್ಲ, ಸಮುದ್ರವೂ ಇಲ್ಲ! ಇದು ಪೂರ್ತಿ ಬಾಡಿಗೆ ಮನೆ ಜಾಹೀರಾತು ಕಣ್ರೋ!"

ವಾಚ್‌ಮನ್ ಮಾವ ಎದ್ದು ಬಂದು ಅಣ್ಣನ ಬೆನ್ನು ಸವರಿ ಬೆಂಚಿನ ಮೇಲೆ ಕೂರಿಸಿದ. ಮಾವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಬೇಜಾರು ಮಾಡ್ಕೋಬೇಡ. ದಿನಾ ಇಲ್ಲಿ ಬಂದು ಕೂತು, ಇವರು ಓದೋದನ್ನ ಗಮನ ಇಟ್ಟು ಕೇಳು. ನಿಧಾನಕ್ಕೆ ನಿನಗೂ ಮತ್ತೆ ಓದೋಕೆ ಬರುತ್ತೆ."